ತಮಾಷೆ ನೋಡುವವರ ಸಾಲು



ಜುಮಾ ಖುತ್ಬಾದಲ್ಲಿ ಹೇಳಿದ ಒಂದು ವಿಷಯವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ. ಮಿಂಬರಿನ ಮೇಲೆ ಇದ್ದ ಸಮಯದಲ್ಲಿ ಇದರ ಇತಿಹಾಸವನ್ನು ಪೂರ್ತಿ ಹೇಳಲು ಆಗಿರಲಿಲ್ಲ.

ವಿಷಯ ಶುರುವಾದದ್ದು ರಸ್ತೆಯ ಮೇಲೆ. ಒಂದು ನಿಕಾಹ್‌ಗೆಂದು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದೆವು. ಸಸ್ತಾಪುರ ಬಂಗ್ಲಾ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಲಾರಿಯೊಂದು ಮಗುಚಿ ಬಿದ್ದಿತ್ತು. ಚಾಲಕ ಒಳಗೇ ಸಿಕ್ಕಿಕೊಂಡಿದ್ದ. ಸುತ್ತ ಮೂವತ್ತು ನಲವತ್ತು ಜನ ನಿಂತಿದ್ದರು. ಹೆಚ್ಚಿನವರ ಕೈ ಮೇಲೆತ್ತಿತ್ತು, ಕೈಯಲ್ಲಿ ಮೊಬೈಲ್ ಇತ್ತು. ಪಕ್ಕದ ಚಹಾ ಹೋಟೆಲಿನ ಮುದುಕಿಯೊಬ್ಬಳು ನೀರಿನ ಚೊಂಬು ಹಿಡಿದು ಬಂದು, "ನೋಡಕೋತ ನಿಂತೀರಲ್ಲ, ಹಿಡೀರಿ ಅವನಿಗಿ" ಎಂದು ಬೈದ ಮೇಲೆ ನಾಲ್ಕು ಜನ ಮುಂದೆ ಬಂದರು. ಗೂಡ್ಸ್ ಆಟೋದಲ್ಲಿ ಹಾಕಿ ಆಸ್ಪತ್ರೆಗೆ ಕಳುಹಿಸಿದೆವು. ಅಲ್ಲಾಹನ ದಯೆಯಿಂದ ಅವನು ಬದುಕಿದನೆಂದು ಆಮೇಲೆ ಕೇಳಿದೆವು. ಆದರೆ ಸತ್ಯ ಹೇಳಬೇಕು. ಆ ಮುದುಕಿ ಬೈಯುವವರೆಗೆ ನಾವೂ ನೋಡುತ್ತಲೇ ನಿಂತಿದ್ದೆವು.

ಮರುದಿನ ಅದೇ ಅಪಘಾತದ ವಿಡಿಯೊ ಮೂರು ಗ್ರೂಪುಗಳಿಂದ ನಮ್ಮ ಮೊಬೈಲಿಗೆ ಬಂತು. ಒಂದಕ್ಕೆ ಯಾರೋ ಸಿನಿಮಾ ಸಂಗೀತ ಸೇರಿಸಿದ್ದರು. ಅಸರ್ ನಮಾಜಿನ ನಂತರ ಪಿಯುಸಿ ಓದುವ ಹುಡುಗನೊಬ್ಬ ಕೇಳಿದ: "ಹಜರತ್, ಇಂಥವು ನೋಡಬಾರದು ಅಂತ ಗೊತ್ತದ. ಆದ್ರೂ ಬೆರಳು ನಿಲ್ಲಲ್ಲ. ಯಾಕ?"

ಹುಡುಗ ಪ್ರಾಮಾಣಿಕವಾಗಿ ಕೇಳಿದ್ದಾನೆ. ಬರೀ "ಹರಾಮ್, ಬಿಟ್ಟುಬಿಡು" ಎಂದು ಹೇಳಿ ಕಳುಹಿಸುವುದು ಸರಿಯಲ್ಲ.

ಮನಸ್ಸು ಅತ್ತ ಏಕೆ ಓಡುತ್ತದೆ?

ಅಪಾಯದ ಕಡೆಗೆ ಕಣ್ಣು ತಿರುಗುವುದು ಅಲ್ಲಾಹನು ನಮ್ಮಲ್ಲಿ ಇಟ್ಟ ಸ್ವಭಾವ. ಬೆಂಕಿ ಎಲ್ಲಿದೆ, ಹಾವು ಎಲ್ಲಿದೆ ಎಂದು ತಿಳಿಯದವನು ತನ್ನ ಮಕ್ಕಳನ್ನು ಕಾಪಾಡಲಾರ. ಆದ್ದರಿಂದ ನೂರು ಸಿಹಿ ಸುದ್ದಿಗಳ ನಡುವೆ ಒಂದು ಕೆಟ್ಟ ಸುದ್ದಿ ಇದ್ದರೂ ಮನಸ್ಸು ಅದನ್ನೇ ಮೊದಲು ಹಿಡಿಯುತ್ತದೆ. ಎರಡನೆಯ ಕಾರಣ, ಭಯಪಟ್ಟಾಗ ಎದೆ ಬಡಿದುಕೊಳ್ಳುತ್ತದೆ, ಮೈ ಬಿಸಿಯಾಗುತ್ತದೆ. ನಿಜವಾದ ಅಪಾಯದಲ್ಲಿ ಅದು ಸಂಕಟ. ಮನೆಯಲ್ಲಿ ಕಂಬಳಿ ಹೊದ್ದು ನೋಡುವಾಗ ಅದೇ ಬಡಿತ ರೋಮಾಂಚನವಾಗುತ್ತದೆ. ನಮ್ಮ ದೇಶದ ಹಳೆಯ ನಾಟ್ಯಶಾಸ್ತ್ರದಲ್ಲಿ ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಶೃಂಗಾರ, ಹಾಸ್ಯದ ಜೊತೆಗೆ ಕರುಣ, ಭಯಾನಕ, ಬೀಭತ್ಸವೂ ಇವೆ. ಗ್ರೀಕರ ಅರಿಸ್ಟಾಟಲ್ ಕೂಡ ದುಃಖದ ನಾಟಕ ನೋಡಿದವರ ಮನಸ್ಸು ಹಗುರವಾಗುವುದನ್ನು ಗಮನಿಸಿದ್ದ. ಮೂರನೆಯ ಕಾರಣವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. "ಸದ್ಯ, ಅದು ನಾನಲ್ಲ" ಎಂಬ ಸಮಾಧಾನ.

ಮೊದಲ ಎರಡರಲ್ಲಿ ಪಾಪವಿಲ್ಲ. ಪವಿತ್ರ ಕುರ್‌ಆನ್ ಕೂಡ ಆಪತ್ತಿನ ಕತೆಗಳನ್ನು ಹೇಳುತ್ತದೆ. ಯೂಸುಫ್(ಅ)ರನ್ನು ಅಣ್ಣಂದಿರೇ ಬಾವಿಗೆ ಹಾಕಿದ್ದು, ನೂಹ್(ಅ)ರ ಕಣ್ಣೆದುರೇ ಮಗ ಪ್ರವಾಹದಲ್ಲಿ ಮುಳುಗಿದ್ದು, ಆದ್ ಮತ್ತು ಸಮೂದ್ ಜನಾಂಗಗಳು ನಾಶವಾದದ್ದು. ಆದರೆ ಸೂರಃ ಯೂಸುಫ್‌ನ ಕೊನೆಯ ವಚನದಲ್ಲಿ ಈ ಕತೆಗಳ ಉದ್ದೇಶವೂ ಬಂದಿದೆ. ಬುದ್ಧಿಯುಳ್ಳವರಿಗೆ ಅವುಗಳಲ್ಲಿ ಇಬ್ರತ್, ಅಂದರೆ ಪಾಠ ಇದೆ. ತಮಾಷೆಗೂ ಇಬ್ರತ್‌ಗೂ ನಡುವಿನ ಗೆರೆ ಎಳೆಯುವುದು ಆ ಮೂರನೆಯ ಕಾರಣ. ಅದು ನಾನಲ್ಲ ಎಂದುಕೊಂಡವನು ತಮಾಷೆ ನೋಡುತ್ತಾನೆ. ಅದು ನಾನೂ ಆಗಬಹುದಿತ್ತು ಎಂದುಕೊಂಡವನು ಪಾಠ ಕಲಿಯುತ್ತಾನೆ.

ಹಳೆಯ ರೋಗ

ಇದು ಮೊಬೈಲ್ ತಂದ ರೋಗವಲ್ಲ. ರೋಮ್ ನಗರದಲ್ಲಿ ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕೊಲೋಸಿಯಂನಲ್ಲಿ ಸುಮಾರು 50,000 ಜನ ಕುಳಿತು, ಮನುಷ್ಯರು ಮನುಷ್ಯರನ್ನು ಕೊಲ್ಲುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಇಂಗ್ಲೆಂಡಿನಲ್ಲಿ 1868ರವರೆಗೂ ಗಲ್ಲಿಗೇರಿಸುವುದು ಬಹಿರಂಗವಾಗಿಯೇ ನಡೆಯುತ್ತಿತ್ತು, ಜಾತ್ರೆಯಂತೆ ಜನ ಸೇರುತ್ತಿದ್ದರು. ಫ್ರಾನ್ಸಿನಲ್ಲಿ 1939ರ ಜೂನ್‌ನಲ್ಲಿ ವರ್ಸೈಲ್ಸ್‌ನಲ್ಲಿ ಒಬ್ಬನ ತಲೆ ಕಡಿಯುವಾಗ ಜನ ನಡೆದುಕೊಂಡ ರೀತಿ ಎಷ್ಟು ಅಸಹ್ಯವಾಗಿತ್ತೆಂದರೆ, ಆ ನಂತರ ಸರ್ಕಾರ ಬಹಿರಂಗ ಮರಣದಂಡನೆಯನ್ನೇ ನಿಲ್ಲಿಸಿತು.

ಅಷ್ಟು ದೂರ ಹೋಗುವುದೂ ಬೇಡ. ನಾವು ನಡೆದಾಡುವ ಈ ಕಲ್ಯಾಣದ ಬೀದಿಗಳನ್ನೇ ನೋಡಿ. 12ನೇ ಶತಮಾನದಲ್ಲಿ ಸಮಗಾರ ಹರಳಯ್ಯನವರ ಮಗನಿಗೆ ಬ್ರಾಹ್ಮಣ ಕುಲದ ಮಧುವರಸರ ಮಗಳನ್ನು ಕೊಟ್ಟು ಮದುವೆಯಾದಾಗ, ಆ ಇಬ್ಬರು ತಂದೆಯರಿಗೂ ಬಿಜ್ಜಳನ ಆಳ್ವಿಕೆ ಎಳೆಹೂಟೆಯ ಶಿಕ್ಷೆ ಕೊಟ್ಟಿತೆಂದು ಶರಣ ಪರಂಪರೆ ಹೇಳುತ್ತದೆ. ಆನೆಯ ಕಾಲಿಗೆ ಕಟ್ಟಿ ಊರ ಬೀದಿಯಲ್ಲಿ ಎಳೆಸುವುದೇ ಎಳೆಹೂಟೆ. ಕೊಲ್ಲುವುದೊಂದೇ ಬೇಕಿದ್ದರೆ ಕೋಟೆಯ ಒಳಗೇ ಕೊಲ್ಲಬಹುದಿತ್ತು. ಬೀದಿಯಲ್ಲಿ ಎಳೆಸಿದ್ದು ಜನ ನೋಡಲಿ ಎಂದು. ನೋಡುವವರಿಲ್ಲದೆ ಆ ಶಿಕ್ಷೆ ಪೂರ್ಣವಾಗುತ್ತಿರಲಿಲ್ಲ. ಅಂದರೆ ಬೀದಿಯ ಎರಡೂ ಬದಿಗೆ ನಿಂತವರು ಜುಲ್ಮಿನಲ್ಲಿ ಪಾಲುದಾರರಾದರು. ಬಸವಕಲ್ಯಾಣದಲ್ಲಿ ಇಂದಿಗೂ ಹರಳಯ್ಯನವರ ಗವಿ ಇದೆ. ನೋಡುತ್ತ ನಿಂತವರ ಹೆಸರು ಎಲ್ಲೂ ಇಲ್ಲ.

ನೋಡಿದವನ ತೌಬಾ

ಆದರೆ ನೋಡುತ್ತ ನಿಂತ ಒಬ್ಬರ ಹೆಸರು ಇಸ್ಲಾಮಿನ ಇತಿಹಾಸದಲ್ಲಿ ಉಳಿದಿದೆ. ಇಂದಿನ ಯುವಕರು ಅವರ ಕತೆ ತಿಳಿಯಬೇಕು.

ಸಹಾಬಿ ಹಜರತ್ ಖುಬೈಬ್ ಬಿನ್ ಅದೀ(ರ)ರನ್ನು ಮೋಸದಿಂದ ಹಿಡಿದು ಮಕ್ಕಾದಲ್ಲಿ ಮಾರಲಾಯಿತು. ಕುರೈಷರು ಅವರನ್ನು ಕೊಲ್ಲಲು ಹರಮ್‌ನ ಹೊರಗೆ ತನ್ಈಮ್‌ಗೆ ಕರೆದೊಯ್ದರು. ಹೆಂಗಸರು, ಮಕ್ಕಳು ಎಲ್ಲರೂ ತಮಾಷೆ ನೋಡಲು ಹೊರಟರು. ಖುಬೈಬ್(ರ) ಎರಡು ರಕಅತ್ ನಮಾಜಿಗೆ ಸಮಯ ಕೇಳಿ ಮಾಡಿದರು. ಸಾವಿಗೆ ಹೆದರಿ ನಮಾಜ್ ಉದ್ದ ಮಾಡಿದನೆಂದು ನೀವು ತಿಳಿಯದಿದ್ದರೆ ಇನ್ನೂ ಮಾಡುತ್ತಿದ್ದೆ ಎಂದರು. ಆಮೇಲೆ ಅವರನ್ನು ಶಹೀದ್ ಮಾಡಲಾಯಿತು.

ಆ ಗುಂಪಿನಲ್ಲಿ ಸಈದ್ ಬಿನ್ ಆಮಿರ್ ಎಂಬ ಯುವಕ ಇದ್ದ. ಮುಂದೆ ಅವರು ಇಸ್ಲಾಂ ಸ್ವೀಕರಿಸಿದರು. ಹಜರತ್ ಉಮರ್(ರ)ರ ಕಾಲದಲ್ಲಿ ಹಿಮ್ಸ್ ನಗರದ ಗವರ್ನರ್ ಆದರು. ಉಮರ್(ರ) ಅಲ್ಲಿಗೆ ಬಂದಾಗ ಜನ ಅವರ ಮೇಲೆ ಕೆಲವು ದೂರು ಹೇಳಿದರು. ಹೊತ್ತೇರಿದ ಮೇಲೆ ಹೊರಗೆ ಬರುತ್ತಾರೆ, ರಾತ್ರಿ ಸಿಗುವುದಿಲ್ಲ, ಆಗಾಗ ಕುಳಿತಲ್ಲೇ ಮೂರ್ಛೆ ಹೋಗುತ್ತಾರೆ ಎಂದರು. ಮೂರ್ಛೆಯ ಕಾರಣ ಕೇಳಿದಾಗ ಸಈದ್(ರ) ಆ ದಿನದ ಸಂಗತಿ ಹೇಳಿದರು. ತನ್ಈಮ್‌ನಲ್ಲಿ ಆ ಮನುಷ್ಯನನ್ನು ಕೊಲ್ಲುವುದನ್ನು ತಾನು ಕಂಡೆ, ಸಹಾಯ ಮಾಡಲಿಲ್ಲ, ಅದು ನೆನಪಾದಾಗ ಅಲ್ಲಾಹನು ಕ್ಷಮಿಸುವನೋ ಇಲ್ಲವೋ ಎಂಬ ಭಯ ಹಿಡಿಯುತ್ತದೆ ಎಂದರು.

ಗಮನಿಸಿ. ಇಸ್ಲಾಂ ಸ್ವೀಕರಿಸುವುದಕ್ಕೆ ಮುಂಚಿನ ವಿಷಯ ಅದು. ಅವರು ಕೊಂದವರಲ್ಲ, ಬರೀ ನೋಡಿದವರು. ಆದರೂ ವರ್ಷಗಳ ನಂತರ ಆ ನೋಟ ಅವರನ್ನು ನೆಲಕ್ಕೆ ಕೆಡವುತ್ತಿತ್ತು. ನಾವು ದಿನಕ್ಕೆ ಹತ್ತು ಸಾವು ನೋಡಿ, ಆರಾಮಾಗಿ ಊಟ ಮಾಡಿ ಮಲಗುತ್ತೇವೆ.

ಒಂದು ಶುಕ್ರವಾರದ ಸಂಗತಿ

2018ರಲ್ಲಿ ದೇಶದ ತುಂಬ ಒಂದು ವಿಡಿಯೊ ಹರಡಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು ಬಿಡುತ್ತಾರೆ. ಆ ಭಾಗವನ್ನು ಯಾರೋ ಕತ್ತರಿಸಿದ್ದರು. ಮೈ ಜುಮ್ಮೆನಿಸುವ ಭಾಗ ಮಾತ್ರ ಉಳಿಯಿತು, ಅದೇ ಓಡಿತು. ಆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು.

ಜುಲೈ 13, ಶುಕ್ರವಾರ. ಈ ಸಲ ನಮ್ಮದೇ ಬೀದರ್ ಜಿಲ್ಲೆ. ಹೈದರಾಬಾದಿನಿಂದ ಬಂದ ಕೆಲವು ಗೆಳೆಯರು, ಅವರೊಂದಿಗೆ ಕತಾರ್ ದೇಶದ ಒಬ್ಬ ಅತಿಥಿ, ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅಷ್ಟೇ ಸಾಕಾಯಿತು. ಅವರ ಸುದ್ದಿ ವಾಟ್ಸಾಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ರಸ್ತೆಗೆ ಅಡ್ಡ ಹಾಕಲಾಗಿತ್ತು. ಕಾರು ಮಗುಚಿತು. ಗುಂಪು ಮೇಲೆರಗಿತು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಹೊಡೆಯುವಾಗಲೂ ಮೊಬೈಲುಗಳು ಚಾಲೂ ಇದ್ದವು. ಆ ವಿಡಿಯೊವನ್ನು ನಮ್ಮ ಊರುಗಳಲ್ಲಿ ಎಷ್ಟು ಜನ ನೋಡಲಿಲ್ಲ? ಎಷ್ಟು ಜನ ಮುಂದೆ ಕಳುಹಿಸಲಿಲ್ಲ?

ನಾಲ್ಕು ದಿನದ ನಂತರ, ಜುಲೈ 17ರಂದು, ಸುಪ್ರೀಂ ಕೋರ್ಟ್ ಗುಂಪು ಹತ್ಯೆ ತಡೆಯಲು ನಿರ್ದೇಶನಗಳನ್ನು ಕೊಟ್ಟಿತು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳುಹಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಆದರೆ ಸೂರಃ ಹುಜುರಾತ್‌ನ ಆರನೆಯ ವಚನ ಹದಿನಾಲ್ಕು ಶತಮಾನಗಳ ಹಿಂದೆಯೇ ನಮಗೆ ಮಿತಿ ಹಾಕಿದೆ. ಸುದ್ದಿ ಬಂದರೆ ಪರಿಶೀಲಿಸಬೇಕು, ಅರಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡುವಂತೆ ಆಗಬಾರದು.

ನಮ್ಮ ಮನೆಗಳ ನೋವು

ಇನ್ನೊಂದು ಮಾತನ್ನು ಜಾಗರೂಕತೆಯಿಂದ ಹೇಳುತ್ತೇವೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಹಳ್ಳಿಗರ ಸಾಮೂಹಿಕ ಹತ್ಯೆ ಮಾಡಿದರು. ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದ ಮೇಲೆ ಮುಸ್ಲಿಮರ ಹತ್ಯೆಗಳು ನಡೆದವು. ಕೇಂದ್ರ ಸರ್ಕಾರ ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಕೂಡ ಒಂದು.

ಅದನ್ನು ಕಂಡ ಹಿರಿಯರು, ಯಾವ ಮನೆಯವರೇ ಆಗಲಿ, ಹೇಳುವಾಗ ದನಿ ತಗ್ಗಿಸುತ್ತಿದ್ದರು. ಎಷ್ಟೋ ಜನ ಹೇಳದೆಯೇ ಹೋದರು. ಅನುಭವಿಸಿದವರಿಗೆ ಅದು ಎಂದೂ ಮನರಂಜನೆ ಆಗಲಿಲ್ಲ. ಇಂದು ಅದೇ ನೋವು ಸಿನಿಮಾ, ರೀಲ್ಸ್ ಆಗಿ, ಢೋಲು ಸಂಗೀತದೊಂದಿಗೆ ಬರುತ್ತಿದೆ. ಪ್ರತಿಯೊಬ್ಬನೂ ಎದುರಿನವನ ಕ್ರೌರ್ಯ ಮಾತ್ರ ನೋಡಿ ರಕ್ತ ಬಿಸಿ ಮಾಡಿಕೊಳ್ಳುತ್ತಾನೆ. ಗೋರ್ಟಾದ ಶವಗಳಿಗೆ ಅಳದವನು ತನ್ನ ಅಜ್ಜನ ಶವಕ್ಕೆ ಅಳುವ ಹಕ್ಕನ್ನೂ ಅರ್ಧ ಕಳೆದುಕೊಳ್ಳುತ್ತಾನೆ. ಈ ಮಾತು ಎರಡೂ ಕಡೆಗೆ ಅನ್ವಯ, ಮೊದಲು ನಮಗೆ.

ಹಿಜರಿ 9ರಲ್ಲಿ ತಬೂಕ್‌ಗೆ ಹೋಗುವಾಗ ಸಮೂದ್ ಜನಾಂಗದ ಪಾಳುಮನೆಗಳಿದ್ದ ಹಿಜ್ರ್ ದಾರಿಯಲ್ಲಿ ಸಿಕ್ಕಿತು. ಪ್ರವಾದಿ(ಸ) ಸಹಾಬಿಗಳಿಗೆ ಅಲ್ಲಿ ಅಳುತ್ತ ಹೊರತು ಒಳಗೆ ಹೋಗಬೇಡಿ ಎಂದು ತಿಳಿಸಿದರು. ತಾವು ತಲೆಗೆ ಬಟ್ಟೆ ಹೊದ್ದು ಬೇಗ ದಾಟಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಇದು ಇದೆ. ನಾಶವಾದವರು ಅಪರಾಧಿಗಳೇ ಆಗಿದ್ದರು. ಆದರೂ ಅವರ ಮನೆ ನೋಡಿ ಬರುವುದು ವಿಹಾರವಾಗಲು ಪ್ರವಾದಿ(ಸ) ಬಿಡಲಿಲ್ಲ. ಹಾಗಿರುವಾಗ ನಿರಪರಾಧಿಗಳ ಸಾವನ್ನು ತಮಾಷೆಯಾಗಿ ನೋಡಲು ನಮಗೆ ಯಾರು ಅನುಮತಿ ಕೊಟ್ಟರು?

ಆ ಹುಡುಗನಿಗೆ ನಾವು ಕೊಟ್ಟ ಉತ್ತರ ಇದು. ಬೆರಳು ನಿಲ್ಲದಿದ್ದರೆ ಒಂದೇ ಪ್ರಶ್ನೆ ಕೇಳಿಕೋ. ಈ ಪರದೆಯ ಮೇಲೆ ಬಿದ್ದಿರುವವನು ನನ್ನ ಅಬ್ಬಾ ಆಗಿದ್ದರೆ ಇದನ್ನು ಕಳುಹಿಸುತ್ತಿದ್ದೆನೇ? ಕಣ್ಣಿಗೆ ಕಂಡರೆ ಒಂದು ದುಆ ಮಾಡು, ಅಳಿಸು, ಮುಂದೆ ಕಳುಹಿಸಬೇಡ. ಮನೆಯಲ್ಲಿ ಊಟದ ಹೊತ್ತಿನಲ್ಲಿ ಅಪರಾಧದ ಕಾರ್ಯಕ್ರಮ ಹಾಕಿದರೆ, ಚಿಕ್ಕ ಮಕ್ಕಳಿದ್ದಾರೆ ಎಂದು ಅಮ್ಮಿಗೆ ಮೆಲ್ಲಗೆ ಹೇಳು. ರಸ್ತೆಯಲ್ಲಿ ಅಪಘಾತ ಕಂಡರೆ ಮೊಬೈಲಿನಿಂದ ಮೊದಲು 108 ಅಥವಾ 112ಕ್ಕೆ ಫೋನ್ ಮಾಡು. ಪೊಲೀಸ್ ಕೇಸಿನ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಆ ಹೋಟೆಲಿನ ಮುದುಕಿ ಯಾವ ಮದ್ರಸದಲ್ಲೂ ಓದಿದವಳಲ್ಲ. ಖುಬೈಬ್(ರ)ರ ಕತೆ ಹತ್ತು ಸಲ ಮಿಂಬರಿನಿಂದ ಹೇಳಿದ ನಮಗೆ, ಅದರ ಅರ್ಥ ಅಂದು ಅವಳು ಕಲಿಸಿದಳು. ಅಲ್ಲಾಹನು ಅವಳಿಗೆ ಒಳ್ಳೆಯದು ಮಾಡಲಿ. ನಮ್ಮ ಕಣ್ಣುಗಳು ನೋಡುತ್ತ ನಿಂತದ್ದನ್ನು ಕ್ಷಮಿಸಲಿ, ಮುಂದೆ ಕೈ ಚಾಚುವ ತೌಫೀಕ್ ನಮಗೂ ನಮ್ಮ ಮಕ್ಕಳಿಗೂ ಕೊಡಲಿ. ಆಮೀನ್.