ಹಳೆಯ ಕೆತ್ತನೆ ಯಂತ್ರಗಳ ಬೆಲ್ಟ್: ಗುರುತು, ಅಳತೆ, ಬದಲಿ

ಪ್ಯಾಂಟೋಗ್ರಾಫ್ ಮಾದರಿಯ ಹಳೆಯ ಕೆತ್ತನೆ ಯಂತ್ರದ ಎರಕದ ಕಬ್ಬಿಣದ ಮೈ ಎರಡು ಮೂರು ತಲೆಮಾರು ಬಾಳುತ್ತದೆ. ಅದರ ಮೋಟಾರನ್ನು ಮರುಸುತ್ತಿಸಬಹುದು, ಬೇರಿಂಗುಗಳನ್ನು ಇಂದಿಗೂ ಅಂಗಡಿಯಲ್ಲಿ ಕೊಳ್ಳಬಹುದು. ಆದರೆ ಮೋಟಾರಿನ ತಿರುಗುವಿಕೆಯನ್ನು ಕೆತ್ತುವ ಉಳಿಗೆ ಮುಟ್ಟಿಸುವ ಬೆಲ್ಟ್ ಕೆಲವೇ ವರ್ಷಗಳಲ್ಲಿ ಬಿರುಕು ಬಿಡುತ್ತದೆ, ಇಲ್ಲವೇ ಜೋತುಬೀಳುತ್ತದೆ. ತಯಾರಕರ ಕಂಪನಿ ಮುಚ್ಚಿಹೋಗಿ ಅಥವಾ ಕೈಬದಲಾಗಿ, ಭಾಗದ ಸಂಖ್ಯೆ ಯಾರಿಗೂ ಅರ್ಥವಾಗದ ಸ್ಥಿತಿಯಲ್ಲಿ ಇನ್ನೂರು ಕಿಲೋ ತೂಕದ ಯಂತ್ರವೊಂದು ಇನ್ನೂರು ಗ್ರಾಂ ಕೂಡ ತೂಗದ ಬೆಲ್ಟಿಗಾಗಿ ಗುಜರಿ ಸೇರುವುದುಂಟು. ಇದು ಬಹುಮಟ್ಟಿಗೆ ಅನಗತ್ಯ. ಬೆಲ್ಟಿಗೆ ಯಂತ್ರದ ಹೆಸರು ಬೇಕಾಗಿಲ್ಲ. ಅದರ ಬಗೆ, ಅಡ್ಡಗಾತ್ರ ಮತ್ತು ಉದ್ದ ಈ ಮೂರು ತಿಳಿದರೆ ಸಾಕು.

ಪ್ಯಾಂಟೋಗ್ರಾಫಿನ ತತ್ತ್ವ ಹಳೆಯದು. ಜರ್ಮನಿಯ ಕ್ರಿಸ್ಟೋಫ್ ಶೈನರ್ 1603ರಲ್ಲಿ ಚಿತ್ರಗಳನ್ನು ಹಿಗ್ಗಿಸಿ ಕುಗ್ಗಿಸಿ ನಕಲು ಮಾಡಲು ಇದನ್ನು ರೂಪಿಸಿದ. ದೊಡ್ಡ ಅಚ್ಚಿನ ಮೇಲೆ ಕೈಯಿಂದ ಸೂಜಿಯನ್ನಾಡಿಸಿದರೆ, ಕೀಲುಗಳಿಂದ ಕೂಡಿದ ತೋಳುಗಳ ಮೂಲಕ ಅದೇ ಆಕೃತಿ ಚಿಕ್ಕದಾಗಿ ಲೋಹದ ಮೇಲೆ ಮೂಡುತ್ತದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1886ರಲ್ಲಿ ಆರಂಭವಾದ, ಮಸೂರಗಳಿಗೆ ಹೆಸರಾದ ಟೇಲರ್ ಹಾಬ್ಸನ್. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಪಟ್ಟಣದ ಜಾರ್ಜ್ ಗಾರ್ಟನ್. ಮ್ಯೂನಿಕ್‌ನ ಫ್ರೀಡ್ರಿಕ್ ಡೆಕೆಲ್. ನ್ಯೂಯಾರ್ಕಿನ ನ್ಯೂ ಹರ್ಮಿಸ್: ಇಂದು ಮುಚ್ಚುತ್ತಿರುವ ಕಾರ್ಯಾಗಾರಗಳಲ್ಲಿ ಸಿಗುವ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ಈ ಹೆಸರುಗಳವು. ಟೈಪ್ ಮಾಡುವ ಕೀಲಿಗಳ ಮೇಲೆ ದಶಕಗಳ ಕಾಲ ನಾವು ಕಂಡ ದುಂಡುತುದಿಯ ಸರಳ ಅಕ್ಷರಗಳ ಮೂಲ ಈ ಯಂತ್ರಗಳ ಅಚ್ಚುಗಳಲ್ಲಿದೆ. ನಮ್ಮೂರಿನ ಪಾತ್ರೆ ಅಂಗಡಿಗಳಲ್ಲಿ ಸ್ಟೀಲ್ ಡಬ್ಬದ ಮೇಲೆ ಹೆಸರು ಬರೆಯುವ ಗುರ್‌ಗುಟ್ಟುವ ಲೇಖನಿ ಬೇರೆಯೇ ಜಾತಿ. ಅದು ವಿದ್ಯುತ್ಕಾಂತದಿಂದ ಅದುರುವ ಸೂಜಿ, ಅದಕ್ಕೆ ಬೆಲ್ಟಿಲ್ಲ.

ಬೆಲ್ಟ್ ಏಕೆ ಬೇಕು?

ಮೋಟಾರನ್ನು ನೇರವಾಗಿ ಉಳಿಯ ಮೇಲೆ ಕೂರಿಸಿದರೆ ತೋಳಿನ ಭಾರ ಹೆಚ್ಚಿ ಕೈಗೆ ಹಿಡಿತ ತಪ್ಪುತ್ತದೆ. ಮೋಟಾರಿನ ಅದುರುವಿಕೆಯೂ ಕೆತ್ತನೆಗಿಳಿಯುತ್ತದೆ. ಆದ್ದರಿಂದ ಮೋಟಾರನ್ನು ಹಿಂದೆ ಕಂಬದ ಬಳಿ ಇರಿಸಿ, ತೋಳಿನುದ್ದಕ್ಕೂ ಬೆಲ್ಟ್ ಹಾಯಿಸಲಾಯಿತು. ಆದರೆ ಕೆತ್ತುವಾಗ ತೋಳು ಸದಾ ಚಲಿಸುತ್ತದೆ. ಮೋಟಾರಿನಿಂದ ಉಳಿಯವರೆಗಿನ ದೂರ ಪ್ರತಿಕ್ಷಣ ಬದಲಾದರೆ ಒಂದೇ ಬೆಲ್ಟ್ ಒಮ್ಮೆ ಬಿಗಿದು ಒಮ್ಮೆ ಸಡಿಲವಾದೀತು. ಇದಕ್ಕೆ ಪರಿಹಾರವಾಗಿ ತೋಳಿನ ಕೀಲು ಇರುವಲ್ಲಿಯೇ, ಅದೇ ಅಕ್ಷದಲ್ಲಿ, ನಡುವಣ ರಾಟೆಯೊಂದನ್ನು ಕೂರಿಸುತ್ತಾರೆ. ಮೋಟಾರಿನಿಂದ ಕೀಲಿಗೊಂದು ಬೆಲ್ಟ್, ಕೀಲಿನಿಂದ ಉಳಿಗೊಂದು ಬೆಲ್ಟ್. ನಮ್ಮ ಮೊಣಕೈಯ ಬಳಿ ನರವು ಕೀಲಿಗೆ ಅಂಟಿಕೊಂಡು ಸಾಗುವ ಜಾಣತನಕ್ಕೆ ಇದು ಸಮೀಪದ್ದು. ಇಂಥ ಯಂತ್ರಗಳಲ್ಲಿ ಎರಡು ಬೆಲ್ಟುಗಳು ಬೇರೆ ಬೇರೆ ಅಳತೆಯವಾಗಿರಬಹುದು, ಬೇರೆ ಬೇರೆ ಬಗೆಯವೂ ಆಗಿರಬಹುದು. ಒಂದನ್ನು ಅಳೆದು ಎರಡು ತರಿಸುವುದು ಹಣ ಪೋಲು.

ವೇಗದ ಲೆಕ್ಕವನ್ನೂ ಇಲ್ಲೇ ನೋಡಬೇಕು. ಉಳಿಯ ಕಡೆಯ ರಾಟೆ 25 ಮಿ.ಮೀ. ವ್ಯಾಸದ್ದು, ನಿಮಿಷಕ್ಕೆ 15,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಬೆಲ್ಟ್ ಸೆಕೆಂಡಿಗೆ ಸುಮಾರು 19.6 ಮೀಟರ್, ಎಂದರೆ ಗಂಟೆಗೆ 70 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಹೊಲಿಗೆ ಯಂತ್ರಕ್ಕೆ ಸಾಕಾಗುವ ಬೆಲ್ಟ್ ಇಲ್ಲಿ ಸಾಕಾಗದಿರುವುದು ಈ ವೇಗದ ಕಾರಣದಿಂದ.

ಬಗೆಯನ್ನು ರಾಟೆಯಿಂದ ತಿಳಿಯುವುದು

ಹರಿದ ಬೆಲ್ಟಿಗಿಂತ ರಾಟೆಯೇ ನಂಬಿಕಸ್ಥ ಸಾಕ್ಷಿ. ಹಿಂದಿನ ಮಾಲೀಕರು ಸಿಕ್ಕಿದ್ದನ್ನು ತೊಡಿಸಿರಬಹುದು. ಒಂದೇ ಮಾದರಿಯ ಯಂತ್ರವೂ ವರ್ಷದಿಂದ ವರ್ಷಕ್ಕೆ ಬದಲಾಗಿರಬಹುದು. ರಾಟೆಯಲ್ಲಿ ಅರ್ಧವೃತ್ತಾಕಾರದ ತೋಡಿದ್ದರೆ ಅದು ದುಂಡು ಬೆಲ್ಟಿನದು. ಓರೆ ಗೋಡೆಗಳ, ತಳ ಚಪ್ಪಟೆಯಾದ ತೋಡು ವಿ-ಬೆಲ್ಟಿನದು. ತೋಡೇ ಇಲ್ಲದೆ, ನಡುವೆ ಕೊಂಚ ಉಬ್ಬಿ ನುಣುಪಾಗಿದ್ದರೆ ಚಪ್ಪಟೆ ಬೆಲ್ಟ್. ಆ ಉಬ್ಬು ಸವಕಳಿಯ ಗುರುತಲ್ಲ; ಚಪ್ಪಟೆ ಬೆಲ್ಟ್ ತಾನಾಗಿ ಎತ್ತರದ ಕಡೆಗೆ ಸರಿಯುವುದರಿಂದ ಅದನ್ನು ಮಧ್ಯದಲ್ಲಿ ನಿಲ್ಲಿಸಲು ಬೇಕೆಂದೇ ಮಾಡಿದ್ದು. ಅದನ್ನು ಉಜ್ಜಿ ಸಮತಟ್ಟು ಮಾಡಬಾರದು. ಹಲ್ಲುಗಳಿದ್ದರೆ ಹಲ್ಲಿನ ಬೆಲ್ಟ್.

ದುಂಡು ಬೆಲ್ಟುಗಳಲ್ಲಿ ಹಳೆಯ ಕಾಲದ್ದು ಚರ್ಮದ್ದು. ತುದಿಗಳನ್ನು ತಂತಿಯ ಕೊಕ್ಕೆಯಿಂದ ಸೇರಿಸುತ್ತಿದ್ದರು. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರಕ್ಕೆ ಅದು ಇಂದಿಗೂ ಸರಿಯೇ. ಕೆತ್ತನೆ ಯಂತ್ರದಲ್ಲಿ ಆ ಕೊಕ್ಕೆ ರಾಟೆಯನ್ನು ದಾಟುವಾಗಲೆಲ್ಲ ಒಂದು ಬಡಿತ. ಮೇಲಿನ ಲೆಕ್ಕದಲ್ಲಿ ಬೆಲ್ಟಿನ ಉದ್ದ 767 ಮಿ.ಮೀ. ಎಂದುಕೊಂಡರೆ, ಕೊಕ್ಕೆಯು ಸೆಕೆಂಡಿಗೆ 25 ಬಾರಿಗಿಂತ ಹೆಚ್ಚು ಸುತ್ತಿ ಬರುತ್ತದೆ. ಉಳಿ ಸೆಕೆಂಡಿಗೆ 5 ಮಿ.ಮೀ. ಸರಿಯುತ್ತಿದ್ದರೆ ಗೆರೆಯಲ್ಲಿ ಸುಮಾರು 0.2 ಮಿ.ಮೀ.ಗೊಂದು ಏರಿಳಿತ ಮೂಡೀತು. ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕೈಯ ನಡುಕವನ್ನು ಪ್ಯಾಂಟೋಗ್ರಾಫ್ ಕುಗ್ಗಿಸುತ್ತದೆ. ನಾಲ್ಕಕ್ಕೆ ಒಂದರ ಅನುಪಾತದಲ್ಲಿ 0.4 ಮಿ.ಮೀ. ನಡುಕ 0.1ಕ್ಕೆ ಇಳಿಯುತ್ತದೆ. ಬೆಲ್ಟಿನ ನಡುಕವಾದರೋ ನೇರವಾಗಿ ಉಳಿಯಲ್ಲೇ ಹುಟ್ಟುವುದರಿಂದ ಯಾವ ಅನುಪಾತವೂ ಅದನ್ನು ಕುಗ್ಗಿಸುವುದಿಲ್ಲ. ಕನ್ನಡದ ನಾಮಫಲಕ ಕೆತ್ತುವವರಿಗೆ ಇದು ಬೇಗ ಕಾಣುತ್ತದೆ. ರೋಮನ್ ಲಿಪಿಯ ನೇರ ಗೆರೆಯಲ್ಲಿ ಅಡಗಬಹುದಾದ ಒರಟು, ನಮ್ಮ ‘ಅ’ಕಾರದ ತಿರುವಿನಲ್ಲಿ, ಒತ್ತಕ್ಷರದ ಕೊಂಡಿಯಲ್ಲಿ ಎದ್ದು ತೋರುತ್ತದೆ.

ಆದ್ದರಿಂದ ದುಂಡು ತೋಡಿಗೆ ಇಂದು ಸೂಕ್ತವಾದದ್ದು ಪಾಲಿಯುರಿಥೇನ್ ಹಗ್ಗ. 2ರಿಂದ 8 ಮಿ.ಮೀ. ಮತ್ತು ಅದಕ್ಕೂ ದಪ್ಪದಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದರ ತುದಿಗಳನ್ನು ಬಿಸಿ ಅಲಗಿಗೆ ತಾಗಿಸಿ, ಕರಗಿದೊಡನೆ ಒತ್ತಿ ಹಿಡಿದು, ಪೂರ್ತಿ ತಣಿದ ಮೇಲೆ ಉಬ್ಬಿದ ಅಂಚನ್ನು ಕತ್ತರಿಸಿದರೆ ಕೊಂಡಿಯಿಲ್ಲದ ಬೆಲ್ಟ್ ಸಿದ್ಧ. ಸಾಮಾನ್ಯ ಗಡಸುತನದ ಹಗ್ಗಕ್ಕೆ ಅತಿ ಚಿಕ್ಕ ರಾಟೆಯ ವ್ಯಾಸವು ಹಗ್ಗದ ದಪ್ಪದ ಎಂಟರಿಂದ ಹತ್ತು ಪಟ್ಟು ಇರಬೇಕು. 25 ಮಿ.ಮೀ. ರಾಟೆಗೆ 5 ಮಿ.ಮೀ. ಹಗ್ಗ ಹಾಕಿದರೆ ಅದು ಬಾಗಿ ಬಾಗಿ ಬಿಸಿಯಾಗಿ ಬೇಗ ಸಾಯುತ್ತದೆ. ಅಲ್ಲಿಗೆ ಮೆದು ಬಗೆಯ ತೆಳು ಹಗ್ಗವೇ ಬೇಕು. ‘ದಪ್ಪ ಇದ್ದರೆ ಗಟ್ಟಿ’ ಎಂಬ ನಮ್ಮ ಸಹಜ ಎಣಿಕೆ ಬೆಲ್ಟಿನ ವಿಷಯದಲ್ಲಿ ಕೈಕೊಡುತ್ತದೆ.

ವೈದ್ಯನಾಗಿ ಒಂದು ಮಾತು ಸೇರಿಸಲೇಬೇಕು. ಪಾಲಿಯುರಿಥೇನನ್ನು ಕರಗಿಸುವುದು ಬೇರೆ, ಸುಡುವುದು ಬೇರೆ. ಹೊಗೆಯಾಡುವಷ್ಟು ಕಾಯಿಸಿದರೆ ಐಸೋಸಯನೇಟ್ ಎಂಬ ವರ್ಗದ ಆವಿಗಳು ಹೊರಬರುತ್ತವೆ. ಇವು ಶ್ವಾಸನಾಳವನ್ನು ಸೂಕ್ಷ್ಮಗೊಳಿಸಿ ಆಸ್ತಮಾ ತರಬಲ್ಲವು. ಒಮ್ಮೆ ದೇಹ ಹಾಗೆ ಸೂಕ್ಷ್ಮಗೊಂಡರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಹುಟ್ಟಿಸಬಹುದು. ಮೇಣದಬತ್ತಿಯ ಉರಿಯಲ್ಲಿ ಬೆಸೆಯುವ ಅಭ್ಯಾಸವನ್ನು ಬಿಟ್ಟು, ಉಷ್ಣಾಂಶ ಹಿಡಿತದಲ್ಲಿರುವ ಬೆಸುಗೆ ಸಾಧನ ಬಳಸಿ, ಕಿಟಕಿ ತೆರೆದಿಡಿ. ಆಸ್ತಮಾ ಇರುವವರು ಬೆಸೆದ ಬೆಲ್ಟನ್ನೇ ಮಾರಾಟಗಾರರಿಂದ ಕೊಳ್ಳುವುದು ಲೇಸು.

ಚಪ್ಪಟೆ ಬೆಲ್ಟನ್ನು ಅಂಗಡಿಯ ಕಪಾಟಿನಲ್ಲಿ ಹುಡುಕಿ ಫಲವಿಲ್ಲ. ತೆಳುವಾದ, ಕೊನೆಯಿಲ್ಲದಂತೆ ನೇಯ್ದ ಅಥವಾ ಬೆಸೆದ ಪಾಲಿಯೆಸ್ಟರ್ ಇಲ್ಲವೇ ಪಾಲಿಯಮೈಡ್ ಬೆಲ್ಟನ್ನು ಉದ್ದ, ಅಗಲ, ದಪ್ಪ ಮತ್ತು ವೇಗ ಕೊಟ್ಟು ಮಾಡಿಸಬೇಕು. ಸ್ವಿಟ್ಸರ್ಲೆಂಡಿನ ಹಬಾಸಿಟ್‌ನಂಥ ಕಂಪನಿಗಳ ಬೆಲ್ಟನ್ನು ಬೇಕಾದ ಅಳತೆಗೆ ಜೋಡಿಸಿಕೊಡುವ ವಿತರಕರು ಹಲವು ದೇಶಗಳಲ್ಲಿದ್ದಾರೆ. ಕೇಳುವಾಗ ಯಂತ್ರದ ಕಥೆ ಹೇಳಬೇಡಿ, ಅಂಕಿಗಳನ್ನು ಹೇಳಿ. ‘ಹಳೆಯ ಕೆತ್ತನೆ ಯಂತ್ರ’ ಎಂದ ಕೂಡಲೇ ‘ನಮ್ಮಲ್ಲಿಲ್ಲ’ ಎನ್ನುವವರು, ‘12 ಮಿ.ಮೀ. ಅಗಲ, 767 ಮಿ.ಮೀ. ಒಳ ಉದ್ದ’ ಎಂದರೆ ಬೆಲೆ ಹೇಳುತ್ತಾರೆ.

ವಿ-ಬೆಲ್ಟ್ ಸುಲಭ. ಅಮೆರಿಕದ ಜಾನ್ ಗೇಟ್ಸ್ 1917ರಲ್ಲಿ ಇದನ್ನು ರೂಪಿಸಿದ ಮೇಲೆ ಅಳತೆಗಳು ಜಗತ್ತಿನಾದ್ಯಂತ ಏಕರೂಪಕ್ಕೆ ಬಂದಿವೆ. ಝಡ್ ಅಡ್ಡಗಾತ್ರ 10 ಮಿ.ಮೀ. ಅಗಲ, 6 ಮಿ.ಮೀ. ಎತ್ತರ, ಎ ಅಡ್ಡಗಾತ್ರ 13ಕ್ಕೆ 8. ಎ-26 ಎಂದರೆ ಒಳ ಸುತ್ತಳತೆ 26 ಇಂಚು, 660 ಮಿ.ಮೀ. ಅದೇ ಬೆಲ್ಟಿನ ಹೊರ ಸುತ್ತಳತೆ ಸುಮಾರು 50 ಮಿ.ಮೀ. ಹೆಚ್ಚು. ಒಬ್ಬ ತಯಾರಕ ಒಳ ಅಳತೆ, ಮತ್ತೊಬ್ಬ ಹೊರ ಅಳತೆ ಅಚ್ಚಿಸುವುದರಿಂದ ‘ಯಾವ ಉದ್ದ?’ ಎಂದು ಕೇಳದೆ ಹಣ ಕಟ್ಟಬಾರದು. ಊರಿಗೆ ಹೋದಾಗ ಬೆಂಗಳೂರಿನ ಅಂಗಡಿಗಳಿಂದ ಎ ಮತ್ತು ಝಡ್ ಬೆಲ್ಟ್ ತರುವವರಿಗೂ ಇದೇ ಎಚ್ಚರಿಕೆ. ಅಡ್ಡಗಾತ್ರ ಎಲ್ಲೆಡೆ ಒಂದೇ, ಗೊಂದಲವೆಲ್ಲ ಉದ್ದದ್ದು.

ಹಲ್ಲಿನ ಬೆಲ್ಟಿನಲ್ಲಿ ಕಣ್ಣಳತೆ ನಡೆಯುವುದಿಲ್ಲ. ಇಂಚಿನ ಎಕ್ಸ್‌ಎಲ್ ಬೆಲ್ಟಿನಲ್ಲಿ ಹಲ್ಲಿನಿಂದ ಹಲ್ಲಿಗೆ 5.08 ಮಿ.ಮೀ.; ಮೆಟ್ರಿಕ್ ಟಿ5ರಲ್ಲಿ 5.00. ಒಂದು ಹಲ್ಲಿನಲ್ಲಿ ಕಾಣದ ಈ ವ್ಯತ್ಯಾಸ 50 ಹಲ್ಲುಗಳಾಗುವಷ್ಟರಲ್ಲಿ 4 ಮಿ.ಮೀ. ಆಗುತ್ತದೆ, ಹೆಚ್ಚುಕಡಿಮೆ ಒಂದು ಹಲ್ಲೇ. ಅದೇ ರೀತಿ ಎಂಎಕ್ಸ್‌ಎಲ್ 2.032 ಮಿ.ಮೀ.; ಮೂರು ಆಯಾಮದ ಮುದ್ರಕಗಳಲ್ಲಿ ಬಳಸುವ ಜಿಟಿ2 ಸರಿಯಾಗಿ 2 ಮಿ.ಮೀ., ಅದೂ ದುಂಡು ಹಲ್ಲಿನದು. ಹತ್ತು ಹಲ್ಲುಗಳ ದೂರವನ್ನು ವರ್ನಿಯರ್‌ನಲ್ಲಿ ಅಳೆದು ಹತ್ತರಿಂದ ಭಾಗಿಸಿ, ಬಳಿಕ ಒಟ್ಟು ಹಲ್ಲು ಎಣಿಸಿ. ಬೆನ್ನ ಮೇಲೆ ‘120 ಎಕ್ಸ್‌ಎಲ್ 037’ ಎಂದು ಉಳಿದಿದ್ದರೆ ಉದ್ದ 12 ಇಂಚು, ಹಲ್ಲು 60, ಅಗಲ ಇಂಚಿನ ಎಂಟನೆಯ ಮೂರು ಭಾಗ, ಎಂದರೆ 9.5 ಮಿ.ಮೀ.

ಉದ್ದ ಮತ್ತು ಬಿಗಿತ

ಹಳೆಯ ಬೆಲ್ಟನ್ನು ಕತ್ತರಿಸಿ ಅಳೆಯುವುದು ಎಲ್ಲರ ಮೊದಲ ಉಪಾಯ. ಆದರೆ ಹಿಗ್ಗಿದ ಬೆಲ್ಟಿನ ಉದ್ದ, ಜ್ವರ ಬಂದಾಗ ತೆಗೆದ ನಾಡಿಯಂತೆ. ಸಹಜ ಸ್ಥಿತಿಯನ್ನು ಹೇಳುವುದಿಲ್ಲ. ಮೋಟಾರನ್ನು ಅದರ ಸರಿಹೊಂದಿಕೆಯ ಸೀಳಿನ ಮಧ್ಯಭಾಗಕ್ಕೆ ತಂದು, ಎರಡು ರಾಟೆಗಳ ಕೇಂದ್ರಗಳ ನಡುವಿನ ದೂರವನ್ನೂ ವ್ಯಾಸಗಳನ್ನೂ ಅಳೆಯಿರಿ. ಕೇಂದ್ರದೂರದ ಎರಡರಷ್ಟು, ಅದಕ್ಕೆ ಎರಡು ವ್ಯಾಸಗಳ ಮೊತ್ತವನ್ನು 1.57ರಿಂದ ಗುಣಿಸಿ ಸೇರಿಸಿ. ಕೊನೆಗೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಕೇಂದ್ರದೂರದ ನಾಲ್ಕರಷ್ಟರಿಂದ ಭಾಗಿಸಿ ಸೇರಿಸಿ. 80 ಮತ್ತು 25 ಮಿ.ಮೀ. ರಾಟೆಗಳು 300 ಮಿ.ಮೀ. ಅಂತರದಲ್ಲಿದ್ದರೆ 600, 164.9 ಮತ್ತು 2.5 ಕೂಡಿ 767.4 ಮಿ.ಮೀ. ದುಂಡು ಬೆಲ್ಟಿಗೆ ತೋಡಿನ ತಳದ ವ್ಯಾಸಕ್ಕೆ ಬೆಲ್ಟಿನ ದಪ್ಪವನ್ನು ಸೇರಿಸಿ ಲೆಕ್ಕ ಹಾಕಬೇಕು. ಬೆಲ್ಟ್ ಅಡ್ಡಹಾಯುವಂತಿದ್ದರೆ ಕೊನೆಯ ಪದದಲ್ಲಿ ವ್ಯತ್ಯಾಸದ ಬದಲು ಮೊತ್ತದ ವರ್ಗ. ಹಿಗ್ಗದ ದಾರ ಸುತ್ತಿ ನೋಡಿ ಉತ್ತರವನ್ನು ತಾಳೆ ಮಾಡುವುದು ಒಳ್ಳೆಯದು. ಪಾಲಿಯುರಿಥೇನ್ ಹಗ್ಗವನ್ನು ಮಾತ್ರ ಈ ಉದ್ದಕ್ಕಿಂತ ಕೊಂಚ ಗಿಡ್ಡವಾಗಿ ಕತ್ತರಿಸುತ್ತಾರೆ. ಎಷ್ಟು ಎಂಬುದನ್ನು ತಯಾರಕರು ಶೇಕಡಾ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಹತ್ತರೊಳಗೇ ಇರುತ್ತದೆ.

ಬಿಗಿತದಲ್ಲಿ ಅತಿಯಾಸೆ ಸಲ್ಲದು. ಜಾರುವ ಬೆಲ್ಟ್ ಕೆಲಸ ಕೆಡಿಸುತ್ತದೆ, ಅತಿ ಬಿಗಿದ ಬೆಲ್ಟ್ ಯಂತ್ರವನ್ನೇ ಕೆಡಿಸುತ್ತದೆ. ಉಳಿಯ ಸ್ಪಿಂಡಲ್‌ನ ಚಿಕ್ಕ ಬೇರಿಂಗುಗಳು ಪಕ್ಕದ ಎಳೆತವನ್ನು ಬಹುಕಾಲ ತಾಳವು, ಮತ್ತು ಅವುಗಳ ಬೆಲೆಯ ಮುಂದೆ ಬೆಲ್ಟಿನ ಬೆಲೆ ಏನೂ ಅಲ್ಲ. ವಿ-ಬೆಲ್ಟಿಗೆ ರೂಢಿಯ ನಿಯಮ, ಎರಡು ರಾಟೆಗಳ ನಡುವಿನ ಪ್ರತಿ ಮೀಟರಿಗೆ 16 ಮಿ.ಮೀ. ತಗ್ಗುವುದು, 300 ಮಿ.ಮೀ.ಗೆ ಸುಮಾರು 5 ಮಿ.ಮೀ. ತೆಳು ಬೆಲ್ಟುಗಳಿಗೆ ಜಾರದಷ್ಟು ಬಿಗಿ ಸಾಕು. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಸ್ಪಿಂಡಲ್ ಮನೆಯನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಸಡಿಲಿಸಿ.

ಈ ಕೆಲಸಕ್ಕೆ ಮುನ್ನ ವಿದ್ಯುತ್ ಪ್ಲಗ್ಗನ್ನು ಕಿತ್ತಿಡಬೇಕು, ಸ್ವಿಚ್ ಆರಿಸಿದರಷ್ಟೇ ಸಾಲದು. ಉಂಗುರ, ಬಳೆ, ಕೊರಳ ಸರ ತೆಗೆದಿಡಿ. ಸೆರಗು, ಶಾಲು, ಸಡಿಲ ತೋಳು ಬೇಡ. ಓಡುವ ಬೆಲ್ಟಿನ ಬಳಿ ಕೈಗವಸೂ ಬೇಡ. ಬೆಲ್ಟ್ ರಾಟೆಯನ್ನು ಸೇರುವ ಬಾಯಿ ಬೆರಳನ್ನು ಒಳಗೆಳೆಯುತ್ತದೆ. ಉಂಗುರ ಸಿಕ್ಕಿಕೊಂಡಾಗ ಬೆರಳಿನ ಚರ್ಮ, ರಕ್ತನಾಳ, ನರ ಎಲ್ಲವೂ ಕವಚದಂತೆ ಸುಲಿದುಬರುವ ಗಾಯವಾಗಬಹುದು. ಅದನ್ನು ಮತ್ತೆ ಕೂಡಿಸುವುದು ನುರಿತ ಶಸ್ತ್ರವೈದ್ಯರಿಗೂ ಕಷ್ಟ. ಕಳೆದುಹೋದ ಬೆಲ್ಟ್ ಕವಚವಿದ್ದರೆ ಬೆಲ್ಟಿನೊಂದಿಗೇ ಅದನ್ನೂ ಮಾಡಿಸಿಕೊಳ್ಳಿ.

ಕೊಳ್ಳುವಾಗ ‘ಬಳಸದ ಹಳೆಯ ದಾಸ್ತಾನು’ ಎಂದು ಮಾರುವ ರಬ್ಬರ್ ಬೆಲ್ಟುಗಳಿಗೆ ಮರುಳಾಗಬೇಡಿ. ಮೂವತ್ತು ವರ್ಷ ಪೊಟ್ಟಣದಲ್ಲಿದ್ದರೂ ರಬ್ಬರಿಗೆ ಮುಪ್ಪು ಬಂದೇ ಬರುತ್ತದೆ. ಸಿಂಗಪುರ, ಕೊಲ್ಲಿಯ ಕರಾವಳಿಯಂಥ ತೇವದ ಊರುಗಳಲ್ಲಿ ಕೆಲವು ಬಗೆಯ ಪಾಲಿಯುರಿಥೇನ್ ತೇವಾಂಶದಿಂದಲೇ ಒಡೆದು ಅಂಟಂಟಾಗುತ್ತದೆ. ಮೋಟಾರಿನ ಕಿಡಿಗಳು ಹುಟ್ಟಿಸುವ ಓಝೋನ್ ರಬ್ಬರಿನ ಶತ್ರು. ಆದ್ದರಿಂದ ಬದಲಿ ಬೆಲ್ಟನ್ನು ಯಂತ್ರದ ಪೆಟ್ಟಿಗೆಯೊಳಗೆ ನೇತುಹಾಕದೆ, ಮಡಿಸದೆ, ಎಳೆಯದೆ, ಮುಚ್ಚಿದ ಚೀಲದಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡಿ. ಚೀಲದ ಮೇಲೆ ಅಡ್ಡಗಾತ್ರ, ಉದ್ದ, ಅದು ಒಳ ಅಳತೆಯೋ ಹೊರ ಅಳತೆಯೋ ಎಂಬುದು ಮತ್ತು ಕೊಂಡ ವರ್ಷವನ್ನು ಬರೆದಿಡಿ.