ಸುಳ್ಳು ಆರೋಪ ಮತ್ತು ಶರಣು ಬಂದ ಅತಿಥಿ: ಕುಮಾರರಾಮನ ಕಥೆಯಲ್ಲಿ ಚಾರಿತ್ರ್ಯದ ಎರಡು ಪರೀಕ್ಷೆಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಾಡನ್ನು ಇತಿಹಾಸಕಾರರು ರಾಯಚೂರು ದೋಆಬ್ ಎಂದು ಕರೆಯುತ್ತಾರೆ. ಇಂದಿನ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳು ಈ ನಾಡಿಗೆ ಸೇರಿದವು. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲ್‌ಶಾಹಿಗಳು ಈ ಫಲವತ್ತಾದ ನೆಲಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. ಆದರೆ ಆ ರಾಜ್ಯಗಳು ಹುಟ್ಟುವ ಮೊದಲೇ ಈ ಸೀಮೆಯ ಜನಮನದಲ್ಲಿ ನೆಲೆನಿಂತ ಒಂದು ಕಥೆಯಿದೆ. ಮುಕ್ಕುಂದದಿಂದ ತುಂಗಭದ್ರೆಯ ದಂಡೆ ಹಿಡಿದು ನದಿ ಹರಿದುಬರುವ ದಿಕ್ಕಿಗೆ ಸಾಗಿದರೆ, ಬಳ್ಳಾರಿ ಕಡೆಯ ದಂಡೆಯಲ್ಲಿ ಕಂಪ್ಲಿಯೂ ಗಂಗಾವತಿಯ ಕಡೆ ಕುಮ್ಮಟದುರ್ಗದ ಬೆಟ್ಟಗಳೂ ಸಿಗುತ್ತವೆ. ಕಂಪಿಲರಾಯ ಮತ್ತು ಅವನ ಮಗ ಕುಮಾರರಾಮನ ಕಥೆ ಹುಟ್ಟಿದ್ದು ಅಲ್ಲಿ.

16ನೇ ಶತಮಾನದ ನಂಜುಂಡ ಕವಿ ಈ ಕಥೆಯನ್ನು ಸಾಂಗತ್ಯದಲ್ಲಿ ಕಾವ್ಯವಾಗಿಸಿದನು. ಅವನಲ್ಲದೆ ಇನ್ನೂ ಹಲವು ಕವಿಗಳು ಇದನ್ನು ಹಾಡಿದರು. ಜನಪದ ಗಾಯಕರು ಊರೂರಿಗೆ ಕೊಂಡೊಯ್ದರು. ಪರಸ್ತ್ರೀಯರಿಗೆಲ್ಲ ಸೋದರನಂತಿದ್ದವನು ಎಂಬ ಅರ್ಥದಲ್ಲಿ ಕುಮಾರರಾಮನಿಗೆ ‘ಪರದಾರ ಸೋದರ’ ಎಂಬ ಬಿರುದು ಸಂದಿತು.

ನಮ್ಮ ಮಕ್ಕಳು ಈ ಕಥೆಯನ್ನು ಎಲ್ಲಿಯಾದರೂ ಓದುತ್ತಾರೆ ಅಥವಾ ಕೇಳುತ್ತಾರೆ. ದೆಹಲಿಯ ‘ತುರುಕರ’ ಸೇನೆ ಬಂದು ರಾಮನನ್ನು ಕೊಂದಿತು ಎಂಬ ಮಾತು ಬಂದಾಗ ತರಗತಿಯಲ್ಲಿರುವ ಮುಸ್ಲಿಮ್ ಬಾಲಕನು ತಲೆ ತಗ್ಗಿಸಬೇಕೇ? ಅಥವಾ ಅದು ತನಗೆ ಸಂಬಂಧಿಸಿದ ಕಥೆಯಲ್ಲವೆಂದು ಪುಸ್ತಕ ಮುಚ್ಚಬೇಕೇ? ಎರಡೂ ಬೇಕಾಗಿಲ್ಲ. ಈ ಕಥೆಯ ಒಳಗಿರುವ ನೈತಿಕ ಸಂಘರ್ಷವನ್ನು ನಿಧಾನವಾಗಿ ನೋಡಿದರೆ, ಅದು ಪವಿತ್ರ ಕುರ್‌ಆನ್ ನಮಗೆ ಕಲಿಸಿದ ಪ್ರಶ್ನೆಗಳನ್ನೇ ಕೇಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಅರಮನೆಯ ಒಳಗಿನ ಪರೀಕ್ಷೆ

ಕಾವ್ಯದ ಕಥೆ ಹೀಗಿದೆ. ಗೆಳೆಯರೊಡನೆ ಆಡುತ್ತಿದ್ದಾಗ ರಾಮನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನ ಮೇಲೆ ಮಲತಾಯಿಯೇ ಮೋಹಗೊಳ್ಳುತ್ತಾಳೆ. ಅವನು ಅವಳನ್ನು ತಾಯಿಯೆಂದೇ ಸಂಬೋಧಿಸಿ ನಿರಾಕರಿಸುತ್ತಾನೆ. ಅವಮಾನಗೊಂಡ ಆಕೆ, ರಾಮನೇ ತನ್ನ ಮೇಲೆ ಕೈಮಾಡಿದನೆಂದು ಕಂಪಿಲರಾಯನಲ್ಲಿ ದೂರುತ್ತಾಳೆ. ಕಂಪಿಲನು ವಿಚಾರಣೆ ಮಾಡುವುದಿಲ್ಲ. ಮಗನ ತಲೆ ಕಡಿಯಲು ಆಜ್ಞೆ ಕೊಡುತ್ತಾನೆ. ಮಂತ್ರಿ ಬೈಚಪ್ಪನು ಜಾಣತನದಿಂದ ರಾಮನನ್ನು ಗುಪ್ತವಾಗಿ ಅಡಗಿಸಿಟ್ಟು, ಆಜ್ಞೆ ನೆರವೇರಿತೆಂದು ಅರಸನನ್ನು ನಂಬಿಸುತ್ತಾನೆ. ಮುಂದೆ ದೆಹಲಿಯ ಸೇನೆ ಬಂದು ರಾಜ್ಯ ಆಪತ್ತಿಗೆ ಸಿಲುಕಿದಾಗ ರಾಮನು ಹೊರಬಂದು, ತನ್ನನ್ನು ಕೊಲ್ಲಿಸಲು ಹೊರಟ ತಂದೆಗಾಗಿಯೇ ಹೋರಾಡುತ್ತಾನೆ.

ಸೂರಃ ಯೂಸುಫ್ ಬಲ್ಲವರಿಗೆ ಈ ಕಥೆ ಅಪರಿಚಿತವೆನಿಸದು. 111 ಸೂಕ್ತಗಳಿರುವ ಆ ಅಧ್ಯಾಯವು ಹಝ್ರತ್ ಯೂಸುಫ್(ಅ)ರ ವೃತ್ತಾಂತವನ್ನು ಅತ್ಯುತ್ತಮ ವೃತ್ತಾಂತವೆಂದು ಬಣ್ಣಿಸಿದೆ. ಅಲ್ಲಿಯೂ ಯುವಕನೊಬ್ಬನು ತಾನು ವಾಸಿಸುವ ಮನೆಯ ಒಡತಿಯಿಂದಲೇ ಪರೀಕ್ಷೆಗೊಳಗಾಗುತ್ತಾನೆ. ಬಾಗಿಲುಗಳು ಮುಚ್ಚಿವೆ, ನೋಡುವವರಿಲ್ಲ. ಆದರೂ ಅವರು ಅಲ್ಲಾಹನ ಅಭಯ ಯಾಚಿಸುತ್ತಾರೆ. ತನಗೆ ಆಶ್ರಯ ಕೊಟ್ಟವನಿಗೆ ದ್ರೋಹ ಬಗೆಯಲಾರೆ ಎನ್ನುತ್ತಾರೆ. ಆಮೇಲೆ ಬರುವುದು ಸುಳ್ಳು ಆರೋಪ.

ಈ ವೃತ್ತಾಂತ ನಮ್ಮ ದಖನಿನ ನೆಲದಲ್ಲಿಯೂ ಕಾವ್ಯವಾಗಿ ಬಾಳಿದೆ. ಪರ್ಶಿಯನ್ ಕವಿ ಜಾಮಿ 15ನೇ ಶತಮಾನದಲ್ಲಿ ‘ಯೂಸುಫ್ ವ ಝುಲೈಖಾ’ವನ್ನು ಬರೆದನು. 17ನೇ ಶತಮಾನದಲ್ಲಿ ಬಿಜಾಪುರದ ಹಾಶಿಮಿ ಅದೇ ವಸ್ತುವನ್ನು ದಖನಿ ಭಾಷೆಯ ಮಸ್ನವಿಯಾಗಿಸಿದನು. ಕುರ್‌ಆನ್ ಆ ಸ್ತ್ರೀಯ ಹೆಸರನ್ನು ಹೇಳಿಲ್ಲ. ಝುಲೈಖಾ ಎಂಬ ಹೆಸರು ಬಂದದ್ದು ನಂತರದ ಪರಂಪರೆಯಿಂದ. ರತ್ನಾಜಿಯ ಪ್ರಸಂಗವೂ ಹಾಗೆಯೇ: ಕಂಪಿಲಿಯ ಯುದ್ಧವನ್ನು ದಾಖಲಿಸಿದ ಸಮಕಾಲೀನ ಚರಿತ್ರೆಕಾರರಲ್ಲಿ ಅದು ಇಲ್ಲ, ಅದು ಕಾವ್ಯದ ಸತ್ಯ. ಇತಿಹಾಸವನ್ನೂ ಕಾವ್ಯವನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡೇ ಎರಡರಿಂದಲೂ ಕಲಿಯಬೇಕು.

ಎರಡೂ ಕಥೆಗಳಲ್ಲಿ ಯುವಕನ ಶೀಲ ಒಂದೇ ಬಗೆಯದು. ವ್ಯತ್ಯಾಸವಿರುವುದು ಆರೋಪವನ್ನು ಕೇಳಿದವರ ನಡತೆಯಲ್ಲಿ. ಈಜಿಪ್ಟಿನ ಆ ಮನೆಯಲ್ಲಿ ಒಬ್ಬ ಸಾಕ್ಷಿ ಎದ್ದು ನಿಲ್ಲುತ್ತಾನೆ. ಅವನು ಆ ಸ್ತ್ರೀಯ ಕುಟುಂಬದವನೇ. ಅಂಗಿ ಮುಂದಿನಿಂದ ಹರಿದಿದೆಯೋ ಹಿಂದಿನಿಂದ ಹರಿದಿದೆಯೋ ನೋಡಿ ಎನ್ನುತ್ತಾನೆ. ಅಂಗಿ ಹಿಂದಿನಿಂದ ಹರಿದಿರುತ್ತದೆ, ಸತ್ಯ ಬಯಲಾಗುತ್ತದೆ. ಆಮೇಲೆಯೂ ಯೂಸುಫ್(ಅ) ಸೆರೆಮನೆ ಸೇರಿದರು ಎಂಬುದು ಬೇರೆ ಮಾತು. ಆದರೆ ಪುರಾವೆ ಕೇಳುವ ಒಬ್ಬನಾದರೂ ಆ ಮನೆಯಲ್ಲಿದ್ದನು. ಕಂಪಿಲನ ಅರಮನೆಯಲ್ಲಿ ಅಂಗಿಯನ್ನು ನೋಡುವವರು ಯಾರೂ ಇರಲಿಲ್ಲ. ಮಂತ್ರಿಯು ರಾಮನನ್ನು ಉಳಿಸಿದ್ದು ಉಪಾಯದಿಂದಲೇ ಹೊರತು ನ್ಯಾಯವಿಚಾರಣೆಯಿಂದಲ್ಲ. ಸುದ್ದಿಯೊಂದು ಬಂದಾಗ ಪರಿಶೀಲಿಸಿರಿ, ಇಲ್ಲವಾದರೆ ಅರಿಯದೆ ಹಾನಿಯೆಸಗಿ ಆಮೇಲೆ ಪಶ್ಚಾತ್ತಾಪಪಡುವಿರಿ ಎಂದು ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಕಂಪಿಲನು ಆ ಎಚ್ಚರಿಕೆಗೆ ಒಂದು ಜೀವಂತ ದೃಷ್ಟಾಂತ.

ಇನ್ನೂ ಒಂದು ವ್ಯತ್ಯಾಸ ಗಮನಾರ್ಹ. ಕುರ್‌ಆನಿನ ವೃತ್ತಾಂತದಲ್ಲಿ ತಪ್ಪೆಸಗಿದ ಸ್ತ್ರೀಯು ಕೊನೆಗೆ ತಾನಾಗಿಯೇ ಸತ್ಯವನ್ನು ಒಪ್ಪಿಕೊಳ್ಳುತ್ತಾಳೆ. ಮರಳಿ ಬರುವ ಬಾಗಿಲು ಅವಳಿಗೆ ತೆರೆದಿರುತ್ತದೆ. ರತ್ನಾಜಿಗೆ ಕವಿಗಳು ಆ ಬಾಗಿಲನ್ನು ತೆರೆಯಲಿಲ್ಲ; ಅವಳ ಕಥೆ ಆತ್ಮಹತ್ಯೆಯಲ್ಲಿ ಮುಗಿಯುತ್ತದೆ. ಪಾಪಿಗೂ ತೌಬಾದ ಅವಕಾಶವಿದೆ ಎಂಬ ನಂಬಿಕೆಯುಳ್ಳ ಓದುಗನು ಈ ಭೇದವನ್ನು ಕಾಣದಿರಲಾರನು.

ಕೋಟೆಯ ಬಾಗಿಲಿನ ಪರೀಕ್ಷೆ

ಈಗ ಇತಿಹಾಸಕ್ಕೆ ಬರೋಣ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಆಳುತ್ತಿದ್ದನು. ಅವನ ಸೋದರಬಂಧು ಬಹಾವುದ್ದೀನ್ ಗುರ್ಶಾಸ್ಪನು ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಸಗರದಲ್ಲಿ ಅಧಿಕಾರಿಯಾಗಿದ್ದನು. ಅವನು ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು, ಕುಟುಂಬ ಸಮೇತ ಕಂಪಿಲರಾಯನ ಆಶ್ರಯ ಬೇಡಿ ಬಂದನು. ಕಂಪಿಲನು ಆಶ್ರಯ ಕೊಟ್ಟನು.

ಸುಲ್ತಾನನ ಸೇನೆ ಬೆನ್ನಟ್ಟಿ ಬಂತು. ಮೊದಲ ದಾಳಿಗಳನ್ನು ಕಂಪಿಲನ ಪಡೆ ತಡೆಯಿತು. ಆದರೆ ಮತ್ತೆ ದೊಡ್ಡ ಸೈನ್ಯ ಬಂದಾಗ ಕುಮ್ಮಟವು ಉಳಿಯಲಿಲ್ಲ. ಅತಿಥಿಯನ್ನು ಒಪ್ಪಿಸಿದ್ದರೆ ರಾಜ್ಯ ಉಳಿಯುತ್ತಿತ್ತೇನೋ. ಕಂಪಿಲನು ಒಪ್ಪಿಸಲಿಲ್ಲ. ತಾನು ಕುಟುಂಬದೊಡನೆ ನಾಶವಾಗಲು ನಿಶ್ಚಯಿಸಿರುವುದಾಗಿ ಅತಿಥಿಗೆ ತಿಳಿಸಿ, ಅವನನ್ನು ಸುರಕ್ಷಿತವಾಗಿ ಬೇರೊಬ್ಬ ಅರಸನ ಬಳಿಗೆ ಕಳುಹಿಸಿದನು. ಅರಮನೆಯ ಸ್ತ್ರೀಯರು ಅಗ್ನಿಗೆ ಆಹುತಿಯಾದರು; ಅರಸನು ಹೋರಾಡುತ್ತ ಮಡಿದನು. ಇದು ನಡೆದದ್ದು 1327ರಲ್ಲಿ.

ಇಸ್ಲಾಮೀ ಇತಿಹಾಸ ಬಲ್ಲವರಿಗೆ ಇಲ್ಲಿ ಹಬಶಾದ ಅರಸ ನಜ್ಜಾಶಿಯ ನೆನಪು ಬರುವುದು ಸಹಜ. ಮಕ್ಕಾದ ಹಿಂಸೆಗೆ ನೊಂದ ಮುಸ್ಲಿಮರು ಕ್ರಿ.ಶ. 615ರ ಸುಮಾರಿಗೆ ಅಲ್ಲಿಗೆ ವಲಸೆ ಹೋದರು. ಕುರೈಶರ ದೂತರು ಉಡುಗೊರೆ ಹೊತ್ತು ಬಂದು, ಅವರನ್ನು ತಮಗೆ ಒಪ್ಪಿಸಬೇಕೆಂದು ಕೇಳಿದರು. ಕ್ರೈಸ್ತ ಅರಸನಾದ ನಜ್ಜಾಶಿಯು ಆರೋಪಿಗಳ ಮಾತನ್ನು ಕೇಳದೆ ತೀರ್ಪು ಕೊಡಲು ಒಪ್ಪಲಿಲ್ಲ. ಹಝ್ರತ್ ಜಅಫರ್(ರ)ರ ಮಾತನ್ನೂ ಸೂರಃ ಮರ್ಯಮ್‌ನ ಪಾರಾಯಣವನ್ನೂ ಕೇಳಿದನು. ಉಡುಗೊರೆಗಳನ್ನು ಹಿಂದಿರುಗಿಸಿ ವಲಸಿಗರಿಗೆ ಅಭಯ ಕೊಟ್ಟನು.

ಆ ವಲಸಿಗರು ನಿರಪರಾಧಿಗಳು. ಗುರ್ಶಾಸ್ಪನು ಅಧಿಕಾರಕ್ಕಾಗಿ ದಂಗೆಯೆದ್ದ ಸರದಾರ. ಈ ವ್ಯತ್ಯಾಸವನ್ನು ಮರೆಯಬಾರದು. ಆದರೂ ಶರಣು ಬಂದವನನ್ನು ಶತ್ರುವಿನ ಕೈಗೆ ಕೊಡಲಾರೆ ಎಂಬ ಧೈರ್ಯ ಒಂದೇ. ನಜ್ಜಾಶಿಯು ವಿಚಾರಣೆಯನ್ನೂ ಮಾಡಿದನು, ಆಶ್ರಯವನ್ನೂ ಕೊಟ್ಟನು. ಕಂಪಿಲನು ಅತಿಥಿಗೆ ಕೊಟ್ಟ ರಕ್ಷಣೆಯನ್ನು ಸ್ವಂತ ಮಗನಿಗೆ ಕೊಡಲಿಲ್ಲ. ಇತಿಹಾಸದ ಕಂಪಿಲ ಮತ್ತು ಕಾವ್ಯದ ಕಂಪಿಲನನ್ನು ಒಟ್ಟಿಗೆ ಇರಿಸಿ ನೋಡಿದಾಗ, ಊರ ಮುಂದೆ ದೃಢವಾಗಿ ನಿಂತವನು ಮನೆಯೊಳಗೆ ಎಡವಿದ ಚಿತ್ರ ಸಿಗುತ್ತದೆ. ಮಸೀದಿಯಲ್ಲಿ, ಮಾರುಕಟ್ಟೆಯಲ್ಲಿ ನ್ಯಾಯವಂತನೆನಿಸಿಕೊಂಡು, ಮನೆಯಲ್ಲಿ ಮಗನ ಅಥವಾ ಮಗಳ ಮಾತನ್ನು ಕೇಳದೆಯೇ ತೀರ್ಪು ಕೊಡುವ ತಂದೆ ಇಂದಿಗೂ ಅಪರೂಪವೇನಲ್ಲ.

ಯಾರು ಯಾರ ಕಡೆ?

ಗುರ್ಶಾಸ್ಪನು ಮುಂದೆ ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ರಾಜ್ಯ ಸೇರಿದನು. ಬಲ್ಲಾಳನು ಅವನನ್ನು ದೆಹಲಿಯವರಿಗೆ ಒಪ್ಪಿಸಿಬಿಟ್ಟನು. ಅವನನ್ನು ಹೇಡಿಯೆಂದು ಜರೆಯುವುದು ಸುಲಭ. ಆದರೆ ಕಂಪಿಲಿಗೆ ಒದಗಿದ ಗತಿಯನ್ನು ಅವನು ಕಂಡಿದ್ದನು. ತನ್ನ ಪ್ರಜೆಗಳ ಪ್ರಾಣವೂ ಅವನ ಹೊಣೆಯಾಗಿತ್ತು. ಒಬ್ಬ ಅತಿಥಿಯ ಜೀವ ಹೆಚ್ಚೋ ಒಂದು ರಾಜ್ಯದ ಜನರ ಜೀವ ಹೆಚ್ಚೋ ಎಂಬ ಪ್ರಶ್ನೆಗೆ ಇಬ್ಬರು ಅರಸರು ಎರಡು ಉತ್ತರ ಕೊಟ್ಟರು. ಇಂಥ ಸಂದಿಗ್ಧವನ್ನೇ ನೈತಿಕ ಸಂಘರ್ಷವೆನ್ನುವುದು.

ಸೆರೆಸಿಕ್ಕ ಗುರ್ಶಾಸ್ಪನ ಚರ್ಮ ಸುಲಿಸಲಾಯಿತು. ದಂಗೆಕೋರನನ್ನು ಶಿಕ್ಷಿಸುವ ಅಧಿಕಾರ ಅರಸನಿಗಿದ್ದೀತು. ಆದರೆ ದೇಹವನ್ನು ವಿರೂಪಗೊಳಿಸುವುದನ್ನು ಪ್ರವಾದಿ ಮುಹಮ್ಮದ್(ಸ) ಯುದ್ಧದಲ್ಲಿಯೂ ನಿಷೇಧಿಸಿದ್ದಾರೆ. ಸುಲ್ತಾನನು ಮುಸ್ಲಿಮನಾಗಿದ್ದನು ಎಂಬ ಕಾರಣಕ್ಕೆ ಈ ಕ್ರೌರ್ಯವನ್ನು ಸಮರ್ಥಿಸುವ ಹೊಣೆ ನಮ್ಮ ಮೇಲಿಲ್ಲ.

ಹಾಗೆ ಸಮರ್ಥಿಸದಿದ್ದವರಲ್ಲಿ ಮೊದಲಿಗರು ಮುಸ್ಲಿಮ್ ಬರಹಗಾರರೇ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ 1334ರಲ್ಲಿ ದೆಹಲಿಗೆ ಬಂದು, ಇದೇ ಸುಲ್ತಾನನಿಂದ ಕಾಝಿ ಹುದ್ದೆ ಪಡೆದನು. ಅವನ ಅನ್ನ ಉಂಡನು. ತಾಯ್ನಾಡಿಗೆ ಮರಳಿ 1355ರಲ್ಲಿ ಪ್ರವಾಸಕಥನವನ್ನು ಪೂರ್ತಿಗೊಳಿಸಿದಾಗ ಸುಲ್ತಾನನ ಔದಾರ್ಯವನ್ನೂ ಕ್ರೌರ್ಯವನ್ನೂ ಒಟ್ಟಿಗೇ ದಾಖಲಿಸಿದನು. ಕಂಪಿಲನು ಅತಿಥಿಗಾಗಿ ಪ್ರಾಣ ತೆತ್ತ ಬಗೆಯನ್ನು ನಾವು ವಿವರವಾಗಿ ತಿಳಿಯುವುದು ಅವನಿಂದಲೇ. ಕಂಪಿಲನ ಪುತ್ರರು ಸೆರೆಯಾಗಿ ದೆಹಲಿ ಸೇರಿ ಇಸ್ಲಾಮ್ ಸ್ವೀಕರಿಸಿದರೆಂದೂ, ತಂದೆಯ ನಡತೆಯ ಕಾರಣದಿಂದ ಸುಲ್ತಾನನು ಅವರನ್ನು ಗೌರವದಿಂದ ಕಂಡನೆಂದೂ ಅವನು ಬರೆದಿದ್ದಾನೆ. ಅವರಲ್ಲಿ ಅಬೂ ಮುಸ್ಲಿಮ್ ಎಂಬವನು ಅವನ ಸ್ನೇಹಿತನೂ ಆಗಿದ್ದನು. ಸೆರೆಯಲ್ಲಿ ನಡೆದ ಮತಾಂತರದ ಬಗ್ಗೆ ನಾವು ಹೆಮ್ಮೆಪಡುವಂತಿಲ್ಲ. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬುದು ಕುರ್‌ಆನಿನ ಸ್ಪಷ್ಟ ಆದೇಶ. ಆದರೆ ತಾನು ನಾಶಪಡಿಸಿದ ಶತ್ರುವಿನ ಚಾರಿತ್ರ್ಯವನ್ನು ಆ ಕಠಿಣ ಸುಲ್ತಾನನೂ ಮನ್ನಿಸಬೇಕಾಯಿತು ಎಂಬುದು ಮನಮುಟ್ಟುವ ಸಂಗತಿ.

ಈಗ ಎಣಿಸಿ ನೋಡಿ. ಬೆನ್ನಟ್ಟಿದವನು ಮುಸ್ಲಿಮ್, ಓಡಿ ಬಂದವನು ಮುಸ್ಲಿಮ್. ಕಾಪಾಡಿದವನು ಹಿಂದೂ, ಒಪ್ಪಿಸಿದವನು ಹಿಂದೂ. ಕಾಪಾಡಿದವನ ಕೀರ್ತಿಯನ್ನು ಜಗತ್ತಿಗೆ ತಿಳಿಸಿದವನು ಮುಸ್ಲಿಮ್. ‘ನಮ್ಮವರು, ಅವರು’ ಎಂಬ ಗೆರೆ ಈ ಕಥೆಯ ಎಲ್ಲಿಯೂ ನಿಲ್ಲುವುದಿಲ್ಲ. ನಿಲ್ಲುವುದು ಅಮಾನತ್ತನ್ನು ಉಳಿಸಿದವರು ಮತ್ತು ಉಳಿಸದವರು ಎಂಬ ಗೆರೆ ಮಾತ್ರ.

ಮನೆಯಲ್ಲಿ ಓದುವ ಬಗೆ

ಹಳೆಯ ಕಾವ್ಯವನ್ನು ಮಕ್ಕಳೊಡನೆ ಓದುವಾಗ ಗೆದ್ದವರಾರು, ಸೋತವರಾರು ಎಂಬಲ್ಲಿಗೆ ನಿಲ್ಲಿಸಬಾರದು. ಈ ಪಾತ್ರದ ಮುಂದೆ ಎಷ್ಟು ದಾರಿಗಳಿದ್ದವು? ಸುಲಭವಾದ ದಾರಿ ಯಾವುದಾಗಿತ್ತು? ಅದನ್ನು ಬಿಟ್ಟಾಗ ಅವನು ಏನನ್ನು ಕಳೆದುಕೊಂಡನು? ಆರೋಪ ಬಂದಾಗ ಅಂಗಿಯನ್ನು ನೋಡಿದವರು ಯಾರಾದರೂ ಇದ್ದರೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ಪಾಂಡಿತ್ಯ ಬೇಕಾಗಿಲ್ಲ. ರಾತ್ರಿ ಊಟದ ಹೊತ್ತಿಗೆ ಕೇಳಬಹುದು. ಸೂರಃ ಯೂಸುಫ್‌ನ ಅರ್ಥವನ್ನೂ ಕುಮಾರರಾಮನ ಕಥೆಯನ್ನೂ ಒಂದೇ ವಾರದಲ್ಲಿ ಓದಿಸಿದರೆ ಮಗುವು ಎರಡನ್ನೂ ಹೆಚ್ಚು ಚೆನ್ನಾಗಿ ಅರಿಯುತ್ತದೆ. ಒಂದು ದೇವವಾಣಿ, ಇನ್ನೊಂದು ಮನುಷ್ಯರ ಕೃತಿ. ಅವೆರಡರ ಸ್ಥಾನ ಒಂದೇ ಅಲ್ಲ. ಆದರೆ ದೇವವಾಣಿಯು ಕೊಟ್ಟ ಅಳತೆಗೋಲನ್ನು ನಮ್ಮ ನೆಲದ ಕಥೆಗೂ ಹಿಡಿಯಬಹುದು.

ತರಗತಿಯಲ್ಲಿ ತಲೆ ತಗ್ಗಿಸುವ ಬಾಲಕನಿಗೆ ಆಗ ಹೇಳಲು ಮಾತಿರುತ್ತದೆ. ನಮ್ಮ ತುಂಗಭದ್ರೆಯ ದಂಡೆಯಲ್ಲಿ ಒಬ್ಬ ರಾಯನು ಶರಣು ಬಂದ ಮುಸ್ಲಿಮನಿಗಾಗಿ ರಾಜ್ಯವನ್ನೇ ತೆತ್ತನು, ಅದನ್ನು ಒಬ್ಬ ಮುಸ್ಲಿಮ್ ಕಾಝಿ ಗೌರವದಿಂದ ಬರೆದಿಟ್ಟನು ಎಂದು ಅವನು ತಲೆಯೆತ್ತಿ ಹೇಳಬಲ್ಲನು. ನಿಮ್ಮ ಸ್ವಂತದವರಿಗೆ ವಿರುದ್ಧವಾದರೂ ಸರಿಯೇ, ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರಿ ಎಂಬ ಆದೇಶವನ್ನು ಪಡೆದ ಸಮುದಾಯಕ್ಕೆ ಇದಕ್ಕಿಂತ ಸಹಜವಾದ ಓದು ಇನ್ನಾವುದು?

ಆರೋಪವನ್ನು ಪರಿಶೀಲಿಸುವ ತಾಳ್ಮೆಯನ್ನೂ, ಶರಣು ಬಂದವರನ್ನು ಕೈಬಿಡದ ಧೈರ್ಯವನ್ನೂ ಅಲ್ಲಾಹನು ನಮ್ಮ ಮನೆಗಳಿಗೆ ಕರುಣಿಸಲಿ. ಆಮೀನ್.