ಹದ್ದು ಎಂಬ ಮಾತು: ಕಲ್ಲೆಸೆತದ ಶಿಕ್ಷೆ ಮತ್ತು ಬಾಗಲಕೋಟೆ ಸೀಮೆ

ಬಾಗಲಕೋಟೆ ಜಿಲ್ಲೆ ಕಲ್ಲಿನ ನಾಡು. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಚಾಲುಕ್ಯರು ಗುಹಾಲಯಗಳನ್ನು ಕೊರೆದರು. ಹುನಗುಂದ ತಾಲೂಕಿನ ಐಹೊಳೆಯಲ್ಲಿ ಗುಡಿಗಳನ್ನು ಕಟ್ಟಿದರು. ಇಳಕಲ್ಲಿನ ಕೆಂಪು ಗ್ರಾನೈಟು ಇಂದಿಗೂ ಹಡಗನ್ನೇರಿ ದೂರದೇಶಗಳಿಗೆ ಹೋಗುತ್ತದೆ. ಈ ಸೀಮೆಯಲ್ಲಿ ಕಲ್ಲು ದೇವರಾಗಿದೆ, ಶಾಸನವಾಗಿದೆ, ವೀರಗಲ್ಲಾಗಿದೆ, ಹೊಲದ ಎಲ್ಲೆಯನ್ನು ಕಾಯುವ ಬಾಂದುಗಲ್ಲಾಗಿದೆ. ಪ್ರಾಚೀನ ಜಗತ್ತಿನ ಕೆಲವು ಸಮಾಜಗಳಲ್ಲಿ ಇದೇ ಕಲ್ಲು ಮರಣದಂಡನೆಯ ಸಾಧನವೂ ಆಗಿತ್ತು. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ಆ ಶಿಕ್ಷೆಗೆ ‘ರಜ್ಮ್’ ಎಂದು ಹೆಸರು. ಆ ಶಾಸ್ತ್ರವನ್ನು ಬಲ್ಲ ಕಾಜಿಗಳು ಬಾಗಲಕೋಟೆಯ ಸೀಮೆಯಲ್ಲಿ ಶತಮಾನಗಳ ಕಾಲ ಮೊಹರು ಹಿಡಿದು ಕುಳಿತಿದ್ದರು. ಹಾಗಾದರೆ ಆ ಶಾಸ್ತ್ರದಿಂದ ಈ ನೆಲಕ್ಕೆ ಬಂದದ್ದು ಯಾವುದು, ಬಾರದೆ ಉಳಿದದ್ದು ಯಾವುದು ಎಂಬುದು ವಿಚಾರಯೋಗ್ಯವಾದ ಪ್ರಶ್ನೆ.

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ಪ್ರಶಸ್ತಿಯನ್ನು ಕೆತ್ತಿಸಿದ್ದು ಶಕ 556ರಲ್ಲಿ, ಅಂದರೆ ಕ್ರಿ.ಶ. 634–35ರಲ್ಲಿ. ಅದೇ 634ರಲ್ಲಿ ಮದೀನಾದಲ್ಲಿ ಉಮರ್ ಎರಡನೆಯ ಖಲೀಫನಾದನು. ವ್ಯಭಿಚಾರಕ್ಕೆ ಕಲ್ಲೆಸೆತದ ಶಿಕ್ಷೆಯನ್ನು ಉಮರ್ ವೇದಿಕೆಯ ಮೇಲೆ ನಿಂತು ಸಮರ್ಥಿಸಿದನೆಂದು ಹದೀಸ್ ಸಂಗ್ರಹಗಳು ಹೇಳುತ್ತವೆ. ಸಮರ್ಥನೆಯ ಅಗತ್ಯ ಬಿದ್ದುದಕ್ಕೆ ಕಾರಣವಿತ್ತು. ಕುರಾನಿನ 24ನೆಯ ಅಧ್ಯಾಯದ ಎರಡನೆಯ ವಾಕ್ಯದಲ್ಲಿ ವ್ಯಭಿಚಾರಕ್ಕೆ ವಿಧಿಸಿರುವುದು ನೂರು ಛಡಿಯೇಟು ಮಾತ್ರ. ಕಲ್ಲೆಸೆತದ ಮಾತು ಇಂದಿನ ಕುರಾನಿನ ಪಾಠದಲ್ಲಿ ಇಲ್ಲ. ಅದರ ಆಧಾರವಿರುವುದು ಹದೀಸುಗಳಲ್ಲಿ. ನ್ಯಾಯಶಾಸ್ತ್ರಜ್ಞರಲ್ಲಿ ಬಹುಸಂಖ್ಯಾತರು ಛಡಿಯೇಟನ್ನು ಅವಿವಾಹಿತರಿಗೂ ಕಲ್ಲೆಸೆತವನ್ನು ವಿವಾಹಿತರಿಗೂ ಅನ್ವಯಿಸಿ ಎರಡನ್ನೂ ಉಳಿಸಿಕೊಂಡರು. ಖಾರಿಜಿಗಳು ಮಾತ್ರ ಕುರಾನಿನಲ್ಲಿಲ್ಲದ ಶಿಕ್ಷೆ ಬೇಡವೆಂದು ಆರಂಭದಲ್ಲಿಯೇ ನಿರಾಕರಿಸಿದರು.

ಈ ಶಿಕ್ಷೆ ಇಸ್ಲಾಮಿನ ಸ್ವಂತ ಸೃಷ್ಟಿಯೂ ಅಲ್ಲ. ಯಹೂದ್ಯರ ಧರ್ಮಗ್ರಂಥದ ಧರ್ಮೋಪದೇಶಕಾಂಡದಲ್ಲಿ ಅದು ಸ್ಪಷ್ಟವಾಗಿ ವಿಧಿಸಲ್ಪಟ್ಟಿದೆ; ಮೊದಲ ಕಲ್ಲನ್ನು ಸಾಕ್ಷಿಗಳೇ ಎಸೆಯಬೇಕೆಂಬ ನಿಯಮವೂ ಅಲ್ಲಿಯದೇ. ಮದೀನಾದ ಯಹೂದಿ ಸ್ತ್ರೀಪುರುಷರಿಬ್ಬರ ಪ್ರಕರಣದಲ್ಲಿ ಅವರ ಗ್ರಂಥದ ಪ್ರಕಾರವೇ ತೀರ್ಪು ಕೊಡಲಾಯಿತೆಂದು ಹದೀಸು ಹೇಳುತ್ತದೆ. ಮಾಇಜ್ ಎಂಬಾತನ ಪ್ರಸಂಗ ಮುಸ್ಲಿಂ ನ್ಯಾಯವಿದರಿಗೆ ಇನ್ನೂ ಮುಖ್ಯವಾದದ್ದು. ಆತ ತಾನಾಗಿ ಬಂದು ತಪ್ಪೊಪ್ಪಿಕೊಂಡ. ಪ್ರವಾದಿ ಮುಖ ತಿರುಗಿಸಿದರು. ಮತ್ತೆ ಬಂದಾಗ ಮತ್ತೆ ತಿರುಗಿಸಿದರು. ಈತನಿಗೆ ಹುಚ್ಚು ಹಿಡಿದಿದೆಯೇ, ಈತ ಕುಡಿದಿದ್ದಾನೆಯೇ ಎಂದು ವಿಚಾರಿಸಿದರು. ನಾಲ್ಕನೆಯ ಸಲವೂ ಒಪ್ಪಿಕೊಂಡಾಗ ಶಿಕ್ಷೆಯಾಯಿತು. ಕಲ್ಲು ಬೀಳತೊಡಗಿದಾಗ ಆತ ಓಡಿದ. ಜನ ಬೆನ್ನಟ್ಟಿ ಕೊಂದರು. ಸುದ್ದಿ ತಿಳಿದ ಪ್ರವಾದಿ, ಅವನನ್ನು ಬಿಟ್ಟುಬಿಡಬಾರದಿತ್ತೇ ಎಂದರೆಂದು ಆ ವೃತ್ತಾಂತ ಮುಗಿಯುತ್ತದೆ. ಒಬ್ಬ ಮನುಷ್ಯ ಸತ್ತದ್ದೂ ನಿಜ, ಸಾಯಬೇಕಿರಲಿಲ್ಲವೆಂಬ ವಿಷಾದವೂ ನಿಜ. ಮುಂದಿನ ನ್ಯಾಯಶಾಸ್ತ್ರವೆಲ್ಲ ಈ ಎರಡರ ನಡುವೆ ಬೆಳೆಯಿತು.

ದಖ್ಖಣದಲ್ಲಿಯೂ ಉತ್ತರಭಾರತದಲ್ಲಿಯೂ ಹೆಚ್ಚು ಪ್ರಚಲಿತವಾಗಿದ್ದ ಸುನ್ನಿ ಪಂಥ ಹನಫಿಯದು. ಅದರ ಪ್ರಮಾಣಗ್ರಂಥವಾದ ‘ಹಿದಾಯಾ’ವನ್ನು ಮಧ್ಯ ಏಷ್ಯಾದ ಮರ್ಗೀನಾನಿ 12ನೆಯ ಶತಮಾನದಲ್ಲಿ ಬರೆದ. ಅದರ ನಿಯಮಗಳನ್ನು ಒಟ್ಟಾಗಿ ಓದಿದವರಿಗೆ ಒಂದು ವಿಚಿತ್ರ ಎದ್ದು ಕಾಣುತ್ತದೆ: ಶಿಕ್ಷೆ ಅತ್ಯಂತ ಕ್ರೂರ, ಆದರೆ ಅದನ್ನು ತಲುಪುವ ದಾರಿ ಹೆಚ್ಚುಕಡಿಮೆ ಮುಚ್ಚಿದ್ದು. ಕೃತ್ಯವನ್ನೇ ಕಣ್ಣಾರೆ ಕಂಡ ನಾಲ್ವರು ಪುರುಷ ಸಾಕ್ಷಿಗಳು ಬೇಕು. ಮೂವರೇ ಬಂದರೆ ಆ ಮೂವರಿಗೂ ಸುಳ್ಳಾರೋಪದ ಎಂಬತ್ತು ಛಡಿಯೇಟು. ಘಟನೆ ಹಳೆಯದಾಗಿದ್ದರೆ ಸಾಕ್ಷ್ಯವನ್ನು ಒಪ್ಪುವಂತಿಲ್ಲ. ತಪ್ಪೊಪ್ಪಿಗೆಯಾದರೆ ನಾಲ್ಕು ಬೇರೆ ಬೇರೆ ಬೈಠಕ್‌ಗಳಲ್ಲಿ ನಾಲ್ಕು ಸಲ ಹೇಳಬೇಕು. ಯಾವ ಗಳಿಗೆಯಲ್ಲಾದರೂ ಹಿಂತೆಗೆದುಕೊಂಡರೆ ಬಿಡುಗಡೆ. ಸಾಕ್ಷಿಗಳು ಮೊದಲ ಕಲ್ಲೆಸೆಯಲು ಹಿಂಜರಿದರೆ ಶಿಕ್ಷೆ ಬಿದ್ದುಹೋಗುತ್ತದೆ. ಗರ್ಭವೊಂದೇ ಅಪರಾಧಕ್ಕೆ ಪುರಾವೆಯಾಗದೆಂದು ಹನಫಿಗಳು ಹೇಳಿದರೆ, ಮಾಲಿಕಿ ಪಂಥದವರು ಅದನ್ನು ಪುರಾವೆಯೆಂದೇ ಎಣಿಸಿದರು. ಸಂಶಯವಿದ್ದಲ್ಲಿ ಇಂಥ ಶಿಕ್ಷೆಯನ್ನು ತಡೆಯಬೇಕೆಂಬ ಸೂತ್ರವನ್ನಂತೂ ಎಲ್ಲ ಪಂಥಗಳೂ ತತ್ತ್ವತಃ ಒಪ್ಪುತ್ತವೆ.

ಇಷ್ಟನ್ನೇ ನೋಡಿ, ಈ ಶಿಕ್ಷೆ ಬರಿಯ ಗ್ರಂಥಸ್ಥ ವಿಷಯ, ಯಾರೂ ಸಾಯಲಿಲ್ಲ ಎನ್ನುವವರಿದ್ದಾರೆ. ಇತಿಹಾಸ ಆ ಸಮಾಧಾನವನ್ನು ಕೊಡುವುದಿಲ್ಲ. 14ನೆಯ ಶತಮಾನದ ಯಾತ್ರಿಕ ಇಬ್ನ್ ಬತೂತಾ ಮುಹಮ್ಮದ್ ಬಿನ್ ತುಘಲಕನ ದಿಲ್ಲಿಯಲ್ಲಿ ಸ್ವತಃ ಕಾಜಿಯಾಗಿದ್ದವನು. ಸುಲ್ತಾನನ ಸೋದರ ಮಸೂದ್ ಖಾನ್ ದಂಗೆಯ ಆರೋಪಕ್ಕೆ ಸಿಕ್ಕು, ಚಿತ್ರಹಿಂಸೆಯ ಭಯದಿಂದ ತಪ್ಪೊಪ್ಪಿಕೊಂಡು, ನಡುಪೇಟೆಯಲ್ಲಿ ತಲೆ ಕಳೆದುಕೊಂಡನೆಂದು ಅವನು ಬರೆಯುತ್ತಾನೆ. ಅದೇ ಜಾಗದಲ್ಲಿ ಎರಡು ವರ್ಷ ಮೊದಲು ಮಸೂದನ ತಾಯಿ, ಅಲಾವುದ್ದೀನ್ ಖಿಲ್ಜಿಯ ಮಗಳು, ವ್ಯಭಿಚಾರವನ್ನು ಒಪ್ಪಿಕೊಂಡಳೆಂಬ ಕಾರಣಕ್ಕೆ ಕಾಜಿ ಕಮಾಲುದ್ದೀನನ ಆಜ್ಞೆಯಂತೆ ಕಲ್ಲೇಟಿಗೆ ಬಲಿಯಾಗಿದ್ದಳು. ಹಿಂದಿನ ರಾಜವಂಶದ ಮಗಳು, ಸಂಶಯಪಿಶಾಚಿಯಂಥ ಸುಲ್ತಾನ, ಅರಮನೆಯೊಳಗಿನ ತಪ್ಪೊಪ್ಪಿಗೆ! ಮಗನ ಒಪ್ಪಿಗೆ ಯಾವ ಭಯದಿಂದ ಬಂತೆಂದು ಗ್ರಂಥಕಾರನೇ ತಿಳಿಸಿರುವಾಗ ತಾಯಿಯ ಒಪ್ಪಿಗೆಯನ್ನು ನಿರಾಳವಾಗಿ ನಂಬುವುದು ಕಷ್ಟ. ನಾಲ್ಕು ಸಾಕ್ಷಿಗಳ ಕೋಟೆಗೆ ತಪ್ಪೊಪ್ಪಿಗೆಯೆಂಬುದೊಂದು ದಿಡ್ಡಿಬಾಗಿಲು; ಅಧಿಕಾರಸ್ಥರು ಬಯಸಿದರೆ ಆ ಬಾಗಿಲಿನಿಂದ ಒಳಗೆ ಬರುತ್ತಿದ್ದರು. ಆಟೊಮನ್ ರಾಜಧಾನಿ ಇಸ್ತಾಂಬುಲಿನಲ್ಲಿಯೂ 1680ರಲ್ಲಿ ಒಬ್ಬ ಸ್ತ್ರೀಯನ್ನು ಕುದುರೆ ಮೈದಾನದಲ್ಲಿ ಹೀಗೆ ಕೊಲ್ಲಲಾಯಿತು. ಆ ಸಾಮ್ರಾಜ್ಯದ ದೀರ್ಘ ಇತಿಹಾಸದಲ್ಲಿ ಅದು ಅಪವಾದವೆಂದು ಇತಿಹಾಸಕಾರರು ಹೇಳುತ್ತಾರಾದರೂ, ಸತ್ತವಳಿಗೆ ಅಪವಾದವೆಂಬುದು ಸಾಂತ್ವನವಲ್ಲ.

ಬಾಗಲಕೋಟೆ ಸೀಮೆಯ ಕಡೆಗೆ ಬರೋಣ. ವಿಜಯಪುರದ ಆದಿಲಶಾಹಿಗಳ ರಾಜ್ಯ 1489–90ರ ಸುಮಾರಿಗೆ ಸ್ಥಾಪನೆಯಾಗಿ 1686ರಲ್ಲಿ ಔರಂಗಜೇಬನ ಕೈಸೇರಿತು. ಯೂಸುಫ್ ಆದಿಲ್ ಖಾನನು ಶಿಯಾ ಪಂಥವನ್ನು ಎತ್ತಿಹಿಡಿದರೆ, ಮೊದಲನೆಯ ಇಬ್ರಾಹಿಮನು 1534ರಲ್ಲಿ ಪಟ್ಟಕ್ಕೆ ಬಂದು ಹನಫಿ ಸುನ್ನಿ ಪಂಥವನ್ನು ಸ್ಥಾಪಿಸಿದನು. ಕಂದಾಯದ ಲೆಕ್ಕಪತ್ರಗಳಲ್ಲಿ ಪಾರಸಿಯ ಬದಲು ದೇಶಭಾಷೆಯನ್ನು ತಂದು, ಅವನ್ನು ಬ್ರಾಹ್ಮಣ ಲೆಕ್ಕಿಗರ ಕೈಗೆ ಒಪ್ಪಿಸಿದವನೂ ಇವನೇ ಎಂದು ವಿಜಯಪುರದಲ್ಲಿಯೇ ಕುಳಿತು ಬರೆದ ಇತಿಹಾಸಕಾರ ಫೆರಿಷ್ತಾ ದಾಖಲಿಸಿದ್ದಾನೆ. ಸುಲ್ತಾನರಿಂದ ಸುಲ್ತಾನರಿಗೆ ಪಂಥ ಬದಲಾಯಿತು. ಹಳ್ಳಿಯ ನ್ಯಾಯದ ರೀತಿ ಮಾತ್ರ ಹೆಚ್ಚು ಬದಲಾಗಲಿಲ್ಲ. ದಖ್ಖಣದ ವ್ಯಾಜ್ಯಗಳು ಮಜಲಿಸಿನ ಮುಂದೆ ಬರುತ್ತಿದ್ದವು. ಅಲ್ಲಿ ಕಾಜಿ, ಹವಾಲದಾರ, ದೇಸಾಯಿ, ಗೌಡ, ಕುಲಕರ್ಣಿ, ಊರಿನ ಹಿರಿಯರು ಒಟ್ಟಾಗಿ ಕುಳಿತು ವತನ, ಇನಾಮು, ಗಡಿಗಳ ಜಗಳವನ್ನು ಕೇಳಿ, ನಿರ್ಣಯವನ್ನು ‘ಮಹಜರು’ ಎಂಬ ಪತ್ರದಲ್ಲಿ ಬರೆಯಿಸಿ, ಕಾಜಿಯ ಮೊಹರು ಒತ್ತಿಸುತ್ತಿದ್ದರು. ಸಾಕ್ಷಿ ಸಾಲದಿದ್ದಾಗ ಕಾದ ಎಣ್ಣೆಯೊಳಗೆ ಕೈಯಿಡುವ ‘ದಿವ್ಯ’ಕ್ಕೂ ಮೊರೆಹೋಗುತ್ತಿದ್ದರು, ಅದು ಇಸ್ಲಾಮಿ ಶಾಸ್ತ್ರದ್ದಲ್ಲ, ಧರ್ಮಶಾಸ್ತ್ರದ್ದು. ಒಂದೇ ಸಭೆಯಲ್ಲಿ ಎರಡು ಸಂಪ್ರದಾಯಗಳು ಹೀಗೆ ಕೂಡಿ ನಡೆದವು.

ಈ ಕೂಡುನಡಿಗೆಯ ಗುರುತು ಕನ್ನಡ ಭಾಷೆಯಲ್ಲಿ ಅಚ್ಚಳಿಯದೆ ಉಳಿದಿದೆ. ಮಹಜರು, ವಕೀಲ, ಫಿರ್ಯಾದಿ, ಜಾಮೀನು, ಅರ್ಜಿ, ಮೊಕದ್ದಮೆ, ಜಪ್ತಿ, ತಕರಾರು, ಕಾಯಿದೆ — ಇಂದಿನ ಬಾಗಲಕೋಟೆಯ ನ್ಯಾಯಾಲಯದ ಅಂಗಳದಲ್ಲಿ ಯಾವ ಜಾತಿಮತದ ಕಕ್ಷಿದಾರನೂ ದಿನನಿತ್ಯ ಆಡುವ ಮಾತುಗಳಿವು. ಎಲ್ಲವೂ ಅರಬ್ಬಿ-ಪಾರಸಿ ಮೂಲದವು. ಎಲ್ಲವೂ ನ್ಯಾಯದ ನಡಾವಳಿಗೆ, ಕಾಗದಪತ್ರಕ್ಕೆ, ಹೊಣೆಗಾರಿಕೆಗೆ ಸೇರಿದವು. ‘ರಜ್ಮ್’ ಎಂಬ ಮಾತು ಮಾತ್ರ ಈ ಸಾಲಿಗೆ ಬರಲಿಲ್ಲ.

ಇದಕ್ಕಿಂತ ಕುತೂಹಲಕರವಾದದ್ದು ‘ಹದ್ದು’ ಎಂಬ ಶಬ್ದ. ಆಕಾಶದಲ್ಲಿ ಹಾರುವ ಹಕ್ಕಿಯ ಹೆಸರು ಅಚ್ಚಗನ್ನಡದ್ದು. ಎಲ್ಲೆಯೆಂಬ ಅರ್ಥದ ‘ಹದ್ದು’ ಅರಬ್ಬಿಯ ‘ಹದ್ದ್’. ಅರಬ್ಬಿಯಲ್ಲಿ ಅದಕ್ಕೆ ಸೀಮೆ, ಮೇರೆ ಎಂದರ್ಥ. ದೇವರು ಹಾಕಿದ ಮೇರೆಯನ್ನು ಮೀರಿದ್ದಕ್ಕಾಗಿ ನಿಗದಿಯಾದ ಶಿಕ್ಷೆಗಳಿಗೂ ನ್ಯಾಯಶಾಸ್ತ್ರದಲ್ಲಿ ಅದೇ ಹೆಸರು, ಬಹುವಚನ ‘ಹುದೂದ್’. ಕಳವಿಗೆ ಕೈಕಡಿತ, ಸುಳ್ಳಾರೋಪಕ್ಕೆ ಛಡಿಯೇಟು, ವಿವಾಹಿತರ ವ್ಯಭಿಚಾರಕ್ಕೆ ಕಲ್ಲೆಸೆತ ಇವೆಲ್ಲ ಹುದೂದ್ ಶಿಕ್ಷೆಗಳು. ಆ ಭೀಕರ ಪದವೇ ಕನ್ನಡಕ್ಕೆ ಬಂದಾಗ ಹೊಲದ ಬದುವಾಯಿತು. ‘ಹದ್ದು ಮೀರಬೇಡ’ ಎಂದು ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿಮಾತಾಯಿತು. ಭೂಮಾಪನ ಇಲಾಖೆಯಲ್ಲಿ ‘ಹದ್ದುಬಸ್ತು’ ಆಯಿತು. ಮೂಲದ ಅರ್ಥವೇ ಮೇರೆಯಾದ್ದರಿಂದ ಶಬ್ದ ದಾರಿ ತಪ್ಪಲಿಲ್ಲ. ಶಿಕ್ಷೆಯನ್ನು ಕಳಚಿಕೊಂಡು ತನ್ನ ಮೊದಲ ಅರ್ಥದಲ್ಲಿಯೇ ನೆಲೆನಿಂತಿತು.

ಇದನ್ನು ಕನ್ನಡ ನೆಲದ ಸಹಜ ಸೌಮ್ಯತೆಯೆಂದು ಹೊಗಳಿಕೊಳ್ಳುವುದೂ ಸರಿಯಲ್ಲ. ಧರ್ಮಶಾಸ್ತ್ರಗಳಲ್ಲಿಯೂ ಕ್ರೂರ ದಂಡನೆಗಳಿಗೆ ಕೊರತೆಯಿಲ್ಲ. ಪತಿಯನ್ನು ಮೀರಿದ ಹೆಣ್ಣನ್ನು ಜನರ ಎದುರು ನಾಯಿಗಳಿಂದ ತಿನ್ನಿಸಬೇಕೆಂದೂ, ಗಂಡಸನ್ನು ಕಾದ ಕಬ್ಬಿಣದ ಮಂಚದ ಮೇಲೆ ಸುಡಬೇಕೆಂದೂ ಮನುಸ್ಮೃತಿಯ ಎಂಟನೆಯ ಅಧ್ಯಾಯ ವಿಧಿಸುತ್ತದೆ. ಆದರೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು 8ನೆಯ ಶತಮಾನದಲ್ಲಿ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಮಹಾಜನರಿಗೂ ನಗರದವರಿಗೂ ಹದಿನೆಂಟು ಪ್ರಕೃತಿಗಳಿಗೂ ಕೊಟ್ಟ ಆಚಾರವ್ಯವಸ್ಥೆಯ ಶಾಸನವನ್ನು ನೋಡಿದರೆ ಅಲ್ಲಿ ಕಾಣುವುದು ತೆರಿಗೆ, ದಂಡ, ಪರಸ್ಪರ ಹೊಣೆ. ಗ್ರಂಥದ ದಂಡನೀತಿ ಒಂದು, ಕಲ್ಲಿನಲ್ಲಿ ಕೆತ್ತಿದ ನಡಾವಳಿ ಇನ್ನೊಂದು. ಗ್ರಂಥವನ್ನಷ್ಟೇ ಓದಿ ಮನುವಿನ ನಾಡನ್ನು ಅಳೆಯುವುದು ಎಷ್ಟು ತಪ್ಪೋ, ಹಿದಾಯಾವನ್ನಷ್ಟೇ ಓದಿ ಆದಿಲಶಾಹಿಯನ್ನು ಅಳೆಯುವುದೂ ಅಷ್ಟೇ ತಪ್ಪು. ಆದರೆ ಗ್ರಂಥದಲ್ಲಿ ಬರೆದದ್ದು ಒಂದು ದಿನ ಯಾರ ಮೇಲಾದರೂ ಎರಗಬಹುದೆಂಬುದನ್ನು ಎರಡೂ ಕಡೆಯವರು ನೆನಪಿಡಬೇಕು.

ಸವಣೂರಿನ ನವಾಬರು, ಪೇಶ್ವೆಗಳು, ಹೈದರ್-ಟಿಪ್ಪು ಎಂದು ಒಡೆತನ ಬದಲಾಗುತ್ತ ಬಂದ ಬಾದಾಮಿ-ಬಾಗಲಕೋಟೆಗಳನ್ನು 1818ರಲ್ಲಿ ಥಾಮಸ್ ಮನ್ರೋ ಕಂಪನಿಗೆ ಗೆದ್ದುಕೊಟ್ಟನು. ಬಂಗಾಳದಲ್ಲಿ ಕಂಪನಿಯ ನ್ಯಾಯಾಲಯಗಳು ಆ ವೇಳೆಗೂ ಇಸ್ಲಾಮಿ ದಂಡಶಾಸ್ತ್ರವನ್ನೇ ತಿದ್ದಿ ತಿದ್ದಿ ನಡೆಸುತ್ತಿದ್ದವು. ಮುಂಬಯಿ ಸರಕಾರ ಬೇರೆ ಹಾದಿ ಹಿಡಿಯಿತು: ಎಲ್ಫಿನ್‌ಸ್ಟನ್ನನ ಕಾಲದ 1827ರ 14ನೆಯ ರೆಗ್ಯುಲೇಶನ್ ಸ್ವತಂತ್ರ ದಂಡಸಂಹಿತೆಯಾಗಿ ಬಂದು, ಮುಂದೆ ಈ ಸೀಮೆಗೂ ವಿಸ್ತರಿಸಿತು. 1860ರ ಭಾರತೀಯ ದಂಡಸಂಹಿತೆ 1862ರ ಜನವರಿ 1ರಿಂದ ಜಾರಿಯಾಯಿತು. 1872ರ ಸಾಕ್ಷ್ಯ ಕಾಯಿದೆ ನಾಲ್ವರು ಸಾಕ್ಷಿಗಳ ಲೆಕ್ಕವನ್ನು ಕೊನೆಗೊಳಿಸಿತು. 1937ರ ಶರೀಅತ್ ಕಾಯಿದೆ ಮದುವೆ, ತಲಾಖು, ಆಸ್ತಿ ಹಕ್ಕುಗಳಂಥ ಕೌಟುಂಬಿಕ ವಿಷಯಗಳಿಗಷ್ಟೇ ಸೀಮಿತ. ದಂಡನೆಯ ವಿಚಾರ ಅದರಲ್ಲಿಲ್ಲ. ದಂಡಸಂಹಿತೆಯ 497ನೆಯ ಕಲಮಿನಲ್ಲಿ ಉಳಿದಿದ್ದ ವ್ಯಭಿಚಾರದ ಅಪರಾಧವನ್ನೂ ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 27ರಂದು ರದ್ದುಮಾಡಿತು.

ನೆರೆಯ ಪಾಕಿಸ್ತಾನದಲ್ಲಿ ಇತಿಹಾಸ ಹಿಂದಕ್ಕೆ ಹೊರಳಿತು. 1979ರಲ್ಲಿ ಜಿಯಾ ಉಲ್ ಹಕ್ ಹುದೂದ್ ಶಾಸನಗಳನ್ನು ತಂದನು. 1981ರಲ್ಲಿ ಅಲ್ಲಿಯ ಶರೀಅತ್ ನ್ಯಾಯಾಲಯವೇ ಕಲ್ಲೆಸೆತ ಕುರಾನಿಗೆ ವಿರುದ್ಧವೆಂದು ತೀರ್ಪಿತ್ತಿತು. ನ್ಯಾಯಪೀಠವನ್ನು ಬದಲಿಸಿ 1982ರಲ್ಲಿ ಆ ತೀರ್ಪನ್ನು ತಿರುಗಿಸಲಾಯಿತು. ನ್ಯಾಯಾಲಯದ ಆಜ್ಞೆಯಿಂದ ಅಲ್ಲಿ ಕಲ್ಲು ಬೀಳಲಿಲ್ಲ. ಆದರೆ ಅತ್ಯಾಚಾರವನ್ನು ಸಾಬೀತುಪಡಿಸಲಾಗದ ಹೆಣ್ಣಿನ ದೂರೇ ಅವಳ ತಪ್ಪೊಪ್ಪಿಗೆಯಾಗಿ, ಬಸಿರೇ ಪುರಾವೆಯಾಗಿ, ನೊಂದವರೇ ಸೆರೆಮನೆ ಸೇರಿದರು. 2006ರ ತಿದ್ದುಪಡಿಯವರೆಗೂ ಆ ಭಯ ತಪ್ಪಲಿಲ್ಲ. ಹನಫಿ ಪಂಡಿತರು ಆರೋಪಿಯನ್ನು ಕಾಯಲೆಂದು ಕಟ್ಟಿದ ಬೇಲಿ ಹೀಗೆ ದುರ್ಬಲರ ಕೊರಳಿಗೇ ಬಿತ್ತು. ಇರಾನಿನಲ್ಲಿ, ಅಫ್ಘಾನಿಸ್ತಾನದಲ್ಲಿ ನಮ್ಮ ಕಾಲದಲ್ಲಿಯೇ ಕಲ್ಲುಗಳೂ ಬಿದ್ದಿವೆ. ಕಠಿಣವಾದ ಸಾಕ್ಷ್ಯನಿಯಮ ಪ್ರಾಮಾಣಿಕ ಕಾಜಿಯ ಕೈಯಲ್ಲಿ ಪ್ರಾಣ ಉಳಿಸಬಲ್ಲದು. ಅದರ ಹಿಂದಿರುವ ಶಿಕ್ಷೆ ಪುಸ್ತಕದಲ್ಲಿ ಜೀವಂತವಾಗಿರುವವರೆಗೆ ಅಪ್ರಾಮಾಣಿಕನ ಕೈಗೂ ಅದು ಎಟಕುತ್ತದೆ. ಈ ಕಾರಣದಿಂದಲೇ ಮುಸ್ಲಿಂ ವಿದ್ವಾಂಸರಲ್ಲಿ ಹಲವರು ಇಂದು ಶಿಕ್ಷೆಯನ್ನೇ ಪ್ರಶ್ನಿಸುತ್ತಿದ್ದಾರೆ, ಅದೂ ಕುರಾನಿನ ಪಾಠವನ್ನೇ ಮುಂದಿಟ್ಟುಕೊಂಡು.

ಹುನಗುಂದದ ಎರೆಹೊಲದಲ್ಲಿ ಬಿಳಿಜೋಳ ಬೆಳೆಯುವ ರೈತನಿಗೆ ಇವೆಲ್ಲ ದೂರದ ಸಂಗತಿಗಳು. ದಾಯಾದಿಯೊಡನೆ ಬದುವಿನ ಜಗಳ ಬಂದಾಗ ಅವನು ಹದ್ದುಬಸ್ತಿಗೆ ಅರ್ಜಿ ಕೊಡುತ್ತಾನೆ. ಭೂಮಾಪಕ ಬರುತ್ತಾನೆ; ನೆರೆಹೊಲದವರಿಗೆ ನೋಟಿಸು ಹೋಗುತ್ತದೆ; ಅಳತೆಯಾಗಿ, ಪಂಚರ ಮುಂದೆ ಮಹಜರು ಬರೆದು, ಸಹಿ ಹಾಕಿಸುತ್ತಾರೆ. ಕಡೆಗೆ ಹದ್ದಿನ ಮೇಲೆ ಒಂದು ಕಲ್ಲು ನೆಡುತ್ತಾರೆ. ಮದೀನಾದಿಂದ ಹೊರಟ ಶಬ್ದವೊಂದು ಸಾವಿರದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದು ಈ ನೆಲಕ್ಕೆ ತಂದ ಕಲ್ಲು ಅದೊಂದೇ. ಅದನ್ನು ಯಾರ ಮೇಲೂ ಎಸೆಯುವುದಿಲ್ಲ. ಇಬ್ಬರ ನಡುವೆ ನೆಲದಲ್ಲಿ ಹೂಳುತ್ತಾರೆ.